ಕೊಟ್ಟಿಗೆಯ ರಾಜ್‌ದೂತ್ 350 ಸರಿ ಮಾಡಿಸುವುದಾ, ಹೊಸ 650 ತೆಗೆದುಕೊಳ್ಳುವುದಾ?

ಪೆರ್ಲದವ: ನಮ್ಮ ಕೊಟ್ಟಿಗೆಯಲ್ಲಿ ಅಡಿಕೆ ಸಿಪ್ಪೆಯ ರಾಶಿಯ ಹಿಂದೆ ಅಪ್ಪನ ರಾಜ್‌ದೂತ್ 350 ಬೈಕ್ ನಿಂತಿದೆ. 1985ರ ಗಾಡಿ. 2003ರಲ್ಲಿ ತಂದು ನಿಲ್ಲಿಸಿದ್ದು, ಮತ್ತೆ ಸ್ಟಾರ್ಟ್ ಮಾಡಿಲ್ಲ. ಈಗ ಕಿಕ್ ಕೆಳಗೇ ಇಳಿಯುವುದಿಲ್ಲ, ಎಂಜಿನ್ ಜಾಮ್. ಪೂರ್ತಿ ಸರಿ ಮಾಡಿಸಲು ಒಂದೂವರೆ ಲಕ್ಷ ಆಗಬಹುದು ಅಂತ ಗೊತ್ತಿದ್ದವರೊಬ್ಬರು ಅಂದರು. ಅದಕ್ಕೆ ಸಾಲ ಸೇರಿಸಿದರೆ ರಾಯಲ್ ಎನ್‌ಫೀಲ್ಡಿನ ಹೊಸ ಇಂಟರ್‌ಸೆಪ್ಟರ್ 650 ಮನೆಗೆ ಬರುತ್ತದೆ. ದಿನಾ ಕಾಸರಗೋಡಿಗೆ ಕೆಲಸಕ್ಕೆ ಹೋಗಬೇಕು, ತಿರುಗಾಟ ಏನಿದ್ದರೂ ಭಾನುವಾರ. ಅಪ್ಪನನ್ನು ಕೇಳಿದರೆ "ಗುಜರಿಗೆ ಹಾಕು" ಅನ್ನುತ್ತಾರೆ. ಗುಜರಿಯವ ಬಂದಾಗ ಎರಡು ಸಲ ವಾಪಸ್ ಕಳಿಸಿದ್ದೂ ಅವರೇ. ಎಂತ ಮಾಡುವುದು? ಫೋಟೋ ಹಾಕಿದ್ದೇನೆ.

ಉಪ್ಪಳ 650: ಇದರಲ್ಲಿ ಕೇಳಲಿಕ್ಕೆ ಎಂತ ಉಂಟು? ಹೊಸದು ತಗೊಳ್ಳಿ. 648 ಸಿಸಿ, ಎರಡು ಸಿಲಿಂಡರ್, 47 ಎಚ್‌ಪಿ. ಬೆಳಗ್ಗೆ ಬಟನ್ ಒತ್ತಿದರೆ ಸ್ಟಾರ್ಟ್. ಸ್ಲಿಪ್ಪರ್ ಕ್ಲಚ್, ಚಕ್ರ ಜಾರದ ಹಾಗೆ ಬ್ರೇಕ್ ಹಿಡಿಯುವ ಎಬಿಎಸ್ ಎಲ್ಲಾ ಉಂಟು. ನನ್ನ ಹತ್ತಿರ ನಾಲ್ಕು ವರ್ಷದಿಂದ ಇದೆ, ಒಂದು ದಿನ ದಾರಿಯಲ್ಲಿ ನಿಂತಿಲ್ಲ. ಹಳೇ ರಾಜ್‌ದೂತಿಗೆ ದುಡ್ಡು ಸುರಿಯುವುದು ತಲೆ ಒಣಗಿದ ಅಡಿಕೆ ಮರಕ್ಕೆ ಗೊಬ್ಬರ ಹಾಕಿದ ಹಾಗೆ.

ಹಳೆಗಾಡಿ ಮಾವ: 47 ಎಚ್‌ಪಿ ಅಂದಿರಲ್ಲ, ಅದರಲ್ಲಿ ಎಷ್ಟನ್ನು ಪೆರ್ಲ–ಬದಿಯಡ್ಕ ರಸ್ತೆಯ ತಿರುವಿನಲ್ಲಿ ಉಪಯೋಗಿಸುತ್ತೀರಿ? ಎದುರಿಂದ ಬಸ್ಸು ಬಂದರೆ ಎಲ್ಲರೂ ಸೆಕೆಂಡ್ ಗೇರೇ. ನಿಮ್ಮ ಗಾಡಿ ಇನ್ನೂರು ಕೆಜಿಗೂ ಮೇಲೆ. ರಾಜ್‌ದೂತ್ ಅದಕ್ಕಿಂತ ಏನಿಲ್ಲವೆಂದರೂ ಐವತ್ತು ಕೆಜಿ ಹಗುರ, ಎಚ್‌ಪಿ 30.5. ಟೂ ಸ್ಟ್ರೋಕ್ ಗಾಡಿಯ ಎಳೆತ ಕೈಗೆ ಸಿಕ್ಕಿದವನಿಗೇ ಗೊತ್ತು. ಒಂದು ಹಂತ ದಾಟಿದ ಮೇಲೆ ಹಿಂದಿನಿಂದ ಯಾರೋ ದೂಡಿದ ಹಾಗೆ ಆಗುತ್ತದೆ. ಆ ಶಬ್ದ ಹೊಸ ಗಾಡಿಯಲ್ಲಿ ಎಲ್ಲುಂಟು ಮಾರಾಯ್ರೆ?

ಉಪ್ಪಳ 650: 30.5 ಬರುವುದು ಎಚ್‌ಟಿ (ಹೈ ಟಾರ್ಕ್) ಮಾಡೆಲಿನಲ್ಲಿ ಮಾತ್ರ. ಆಮೇಲೆ ಮೈಲೇಜಿಗೋಸ್ಕರ ಬಿಟ್ಟ ಎಲ್‌ಟಿ (ಲೋ ಟಾರ್ಕ್) ಮಾಡೆಲಿನಲ್ಲಿ 27 ಅಷ್ಟೇ. ಯಮಹಾದವರ ಮೂಲ ಆರ್‌ಡಿ 350ಯಲ್ಲಿ 39 ಇತ್ತು, ಮುಂದೆ ಡಿಸ್ಕ್ ಬ್ರೇಕ್ ಇತ್ತು. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಅದನ್ನೇ ರಾಜ್‌ದೂತ್ ಅಂತ ಇಲ್ಲಿ ತಯಾರು ಮಾಡುವಾಗ ಶಕ್ತಿಯೂ ಇಳಿಯಿತು, ಡಿಸ್ಕೂ ಹೋಗಿ ಡ್ರಮ್ ಬಂತು. ನೀವು ಹೊಗಳುವುದು ಜಪಾನಿನ ಗಾಡಿಯನ್ನು, ಪೆರ್ಲದಲ್ಲಿ ಇರುವುದು ಬೇರೆ.

ಹಳೆಗಾಡಿ ಮಾವ: ಬೇರೆ ಅಲ್ಲ. ಎಂಜಿನ್ ಅದೇ, 347 ಸಿಸಿ. ಆರು ಗೇರು. ನಮ್ಮಲ್ಲಿ ಉಳಿದವರು ನಾಲ್ಕು ಗೇರಿನ ಬುಲೆಟ್ ಬಿಡುತ್ತಿದ್ದ ಕಾಲ ಅದು. ಇನ್ನೊಂದು ತಮಾಷೆ ನೋಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕ ಜಿಎಸ್‌ಟಿ 18 ಪರ್ಸೆಂಟ್, ಅದರ ಮೇಲೆ 40. ಆ ರಾಜ್‌ದೂತ್ ಇವತ್ತು ಫ್ಯಾಕ್ಟರಿಯಿಂದ ಬಂದಿದ್ದರೆ 18ರಲ್ಲೇ ಮುಗಿಯುತ್ತಿತ್ತು. ಪೆರ್ಲದವರು 650 ತಗೊಂಡರೆ 40 ಕೊಡಬೇಕು.

ಮಂಜೇಶ್ವರದವಳು: ಡ್ರಮ್ ಬ್ರೇಕಿನ ಮಾತು ಅಲ್ಲಿಗೇ ಬಿಟ್ಟಿರಿ ಯಾಕೆ? ಜೂನ್, ಜುಲೈ ತಿಂಗಳಲ್ಲಿ ನಮ್ಮ ಕಡೆ ಹೇಗೆ ಮಳೆ ಹೊಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಡ್ರಮ್ಮಿಗೆ ನೀರು ಹೊಕ್ಕರೆ ಮೊದಲ ಎರಡು ಸಲ ಹಿಡಿಯುವುದೇ ಇಲ್ಲ. ನಾನು ಕಾಲೇಜಿಗೆ ಹೋಗುವಾಗ ಅಣ್ಣನ ಹಳೇ ಬೈಕ್ ಬಿಟ್ಟು, ಹೊಸಂಗಡಿಯ ಹತ್ತಿರ ಸೀದಾ ಚರಂಡಿಗೆ ಇಳಿದವಳು. ತಪ್ಪು ನನ್ನದೇ, ಸ್ಪೀಡ್ ಜಾಸ್ತಿ ಇತ್ತು. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಎಲ್ಲಾ ಹೊಸ ಗಾಡಿಗೆ ಎಬಿಎಸ್ ಕಡ್ಡಾಯ ಮಾಡಿದ್ದು ಸುಮ್ನೆ ಅಲ್ಲ. ದಿನಾ ಓಡಾಟಕ್ಕೆ ರಾಜ್‌ದೂತ್ ಅನ್ನುವವರು ಒಮ್ಮೆ ಆಟಿ ತಿಂಗಳಲ್ಲಿ ಅದರಲ್ಲಿ ಕಾಸರಗೋಡಿಗೆ ಹೋಗಿ ಬಂದು ಆಮೇಲೆ ಬರೆಯಿರಿ. ಮತ್ತೆ ಅದರ ಮೈಲೇಜ್ ಎಷ್ಟು ಅಂತ ಯಾರೂ ಹೇಳಲಿಲ್ಲ.

ಕುಂಬಳೆ ರೈಡರ್: ಮೈಲೇಜಿನ ಚಿಂತೆ ಇರುವವರು ಕರ್ನಾಟಕದಲ್ಲಿ ಪೆಟ್ರೋಲ್ ಹಾಕಿಸಿ. ನಾನು ಅದಕ್ಕೋಸ್ಕರವೇ ತಲಪಾಡಿ ಗಡಿ ದಾಟಿ ಹೋಗುತ್ತೇನೆ. ನಮ್ಮ ಕೇರಳಕ್ಕಿಂತ ಲೀಟರಿಗೆ ನಾಲ್ಕು ರೂಪಾಯಿ ಕಡಿಮೆ. ದೊಡ್ಡ ಗಾಡಿ ಸಾಕಬೇಕಾದರೆ ಬುದ್ಧಿ ಓಡಿಸಬೇಕು.

ನೀರ್ಚಾಲು ಮಾಷ್ಟ್ರು: ಒಂದು ಸಣ್ಣ ಲೆಕ್ಕ. ಕುಂಬಳೆಯಿಂದ ತಲಪಾಡಿಗೆ ಹೋಗಿ ಬರಲು ಸುಮಾರು 40 ಕಿಲೋಮೀಟರ್. ದೊಡ್ಡ ಗಾಡಿ ಲೀಟರಿಗೆ 25 ಕೊಡುತ್ತದೆ ಅಂತಲೇ ಇಟ್ಟುಕೊಳ್ಳೋಣ. ಖರ್ಚು 1.6 ಲೀಟರ್, ನೂರ ಅರುವತ್ತು ರೂಪಾಯಿಗೂ ಮೇಲೆ. 13 ಲೀಟರ್ ತುಂಬಿಸಿದರೆ ಉಳಿತಾಯ 52. ಏಳನೇ ಕ್ಲಾಸಿನ ಮಕ್ಕಳಿಗೆ ಈ ಲೆಕ್ಕ ಕೊಟ್ಟರೆ ನಗುತ್ತಾರೆ.

ಕುಂಬಳೆ ರೈಡರ್: ಮಾಷ್ಟ್ರೇ, ಪೆಟ್ರೋಲಿಗೋಸ್ಕರ ಮಾತ್ರ ಹೋಗುತ್ತೇನೆ ಅಂತ ನಾನೆಲ್ಲಿ ಹೇಳಿದೆ? ವಾರಕ್ಕೊಮ್ಮೆ ಮಂಗಳೂರಿಗೆ ಹೇಗೂ ಹೋಗಲಿಕ್ಕುಂಟು.

ನೀರ್ಚಾಲು ಮಾಷ್ಟ್ರು: "ಅದಕ್ಕೋಸ್ಕರವೇ" ಅಂತ ಬರೆದದ್ದು ನಿಮ್ಮದೇ ಕಮೆಂಟಿನಲ್ಲಿದೆ.

ಕುಂಬಳೆ ರೈಡರ್: ಶಬ್ದ ಹಿಡಿದು ಜಗ್ಗಬೇಡಿ. ನಾಲ್ಕು ರೂಪಾಯಿ ವ್ಯತ್ಯಾಸ ಉಂಟೋ ಇಲ್ಲವೋ, ಅಷ್ಟು ಹೇಳಿ. ಕೇರಳ 2023ರ ಏಪ್ರಿಲ್‌ನಿಂದ ಲೀಟರಿಗೆ 2 ರೂಪಾಯಿ ಸೆಸ್ ಬೇರೆ ಹಾಕಿದೆ.

ಉಪ್ಪಳ 650: ಕರ್ನಾಟಕ 2024ರ ಜೂನಿನಲ್ಲಿ 3 ರೂಪಾಯಿ ಏರಿಸಿದ್ದನ್ನು ನುಂಗಿಬಿಟ್ಟಿರಲ್ಲ? ಮೊದಲಿನಷ್ಟು ಅಂತರ ಈಗ ಇಲ್ಲ. ನಾನಂತೂ ಉಪ್ಪಳದಲ್ಲೇ ಹಾಕಿಸುತ್ತೇನೆ.

ಕುಂಬಳೆ ರೈಡರ್: ಹಾಕಿಸಿ, ಯಾರು ಬೇಡ ಅಂದರು? ರೇಟ್ ಬಿಡಿ, ಕ್ವಾಲಿಟಿಯಲ್ಲೇ ವ್ಯತ್ಯಾಸ ಉಂಟು. ಪೆಟ್ರೋಲ್ ತಯಾರಿಸುವ ಎಂಆರ್‌ಪಿಎಲ್ ಇರುವುದು ಮಂಗಳೂರಿನಲ್ಲಿ. ಅಲ್ಲಿ ತಾಜಾ ಮಾಲು ಸಿಗುತ್ತದೆ. ಗಾಡಿಯ ಎಳೆತದಲ್ಲೇ ಗೊತ್ತಾಗುತ್ತದೆ.

ಮಂಜೇಶ್ವರದವಳು: ತಾಜಾ ಮಾಲಾ? ಪೆಟ್ರೋಲ್ ಎಂತ ಬೂತಾಯಿ ಮೀನಾ?

ನೀರ್ಚಾಲು ಮಾಷ್ಟ್ರು: ಗಡಿಯ ಆಚೆಯೂ ಇ20, ಈಚೆಯೂ ಇ20. ನೂರು ಪಾಲಿನಲ್ಲಿ ಇಪ್ಪತ್ತು ಎಥನಾಲ್. ತಲಪಾಡಿ ದಾಟಿದ ಕೂಡಲೇ ಅದು ಆವಿಯಾಗುವುದಿಲ್ಲ.

ಮುಳ್ಳೇರಿಯ ವರ್ಕ್‌ಶಾಪ್: ಪೆರ್ಲದವರಿಗೆ: ಎಂಜಿನ್ ಜಾಮ್ ಅಂತ ಹೆದರಬೇಡಿ. ಪ್ಲಗ್ ತೆಗೆದು ಎರಡೂ ಸಿಲಿಂಡರಿಗೆ ಡೀಸೆಲ್, ಆಯಿಲ್ ಬೆರೆಸಿ ಬಿಡಿ. ನಾಲ್ಕು ದಿನ ಹಾಗೇ ಇರಲಿ. ಕಿಕ್ಕಿನ ಮೇಲೆ ಹತ್ತಿ ಕುಣಿಯಬೇಡಿ. ತಿರುಗಿತು ಅಂತ ಕೂಡಲೇ ಸ್ಟಾರ್ಟೂ ಮಾಡಬೇಡಿ. ಇಪ್ಪತ್ತು ವರ್ಷ ನಿಂತ ಗಾಡಿಯಲ್ಲಿ ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲ್ ಕಲ್ಲಾಗಿರುತ್ತದೆ. ಅಲ್ಲಿಂದ ಗಾಳಿ ಎಳೆದರೆ ಪೆಟ್ರೋಲ್ ಕಡಿಮೆಯಾಗಿ ಪಿಸ್ಟನ್ ಬಿಸಿಯಾಗುತ್ತದೆ, ಹತ್ತು ಕಿಲೋಮೀಟರಿನಲ್ಲಿ ಮತ್ತೆ ಜಾಮ್. ಎಂಜಿನಿಗೆ ಆಯಿಲ್ ಕೊಡುವ ಆಟೋಲ್ಯೂಬ್ ಪಂಪ್ ಕೂಡ ಬಿಚ್ಚಿ ನೋಡಬೇಕು. ಆಯಿಲ್ ಹೋಗದಿದ್ದರೆ ಮುಗಿಯಿತು.

ಹಳೆಗಾಡಿ ಮಾವ: ಪಂಪ್ ಕಿತ್ತು ಬಿಸಾಡಿ, ಪೆಟ್ರೋಲಿಗೇ ಟೂಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸಿ. ನಾವೆಲ್ಲ ಹಾಗೇ ಮಾಡಿದ್ದು.

ಮುಳ್ಳೇರಿಯ ವರ್ಕ್‌ಶಾಪ್: ಪಂಪ್ ಆಕ್ಸಿಲರೇಟರಿಗೆ ತಕ್ಕ ಹಾಗೆ ಆಯಿಲ್ ಕೊಡುತ್ತದೆ. ಕೈಲಿ ಬೆರೆಸಿದರೆ ಯಾವಾಗಲೂ ಒಂದೇ ಅಳತೆ. ಹೊಗೆಯೂ ಜಾಸ್ತಿ. ಆದರೂ ನಿಮ್ಮ ಇಷ್ಟ.

ಕುಂಬಳೆ ರೈಡರ್: ಇ20 ಅಂದರಲ್ಲ ಮಾಷ್ಟ್ರು, ಅದಕ್ಕೇ ಹೇಳಿದ್ದು ಪೆಟ್ರೋಲ್ ಬೇಗ ಖಾಲಿಯಾಗುವ ಬಂಕಿನಲ್ಲಿ ಹಾಕಿಸಬೇಕು ಅಂತ. ಎಥನಾಲ್ ನೀರು ಎಳೆಯುತ್ತದೆ. ನಮ್ಮ ಮಳೆಗಾಲದಲ್ಲಿ ಸಣ್ಣ ಬಂಕಿನ ಟ್ಯಾಂಕಿನಲ್ಲಿ ನೀರು ನಿಂತಿರುತ್ತದೆ. ಇಲ್ಲಿನ ಒಂದು ಬಂಕಿನಲ್ಲಿ ಹಾಕಿಸಿ ನಾನೇ ಗಾಡಿ ದೂಡಿಕೊಂಡು ಬಂದಿದ್ದೇನೆ. ಕರ್ನಾಟಕದಲ್ಲಿ ಹಾಗೆ ಆಗಿಲ್ಲ.

ನೀರ್ಚಾಲು ಮಾಷ್ಟ್ರು: ಮೊದಲು ರೇಟ್, ಮತ್ತೆ ತಾಜಾ, ಈಗ ಮಳೆ. ಮಂಗಳೂರಿನಲ್ಲಿ ಮಳೆಯೇ ಬರುವುದಿಲ್ಲವೋ?

ಕುಂಬಳೆ ರೈಡರ್: ನಿಮಗೆ ಕರ್ನಾಟಕ ಅಂದರೆ ಯಾಕೆ ಉರಿ ಮಾಷ್ಟ್ರೇ? ಕನ್ನಡ ಕಲಿಸಿ ಪೆನ್ಷನ್ ತಗೊಳ್ಳುವವರು ನೀವು.

ನೀರ್ಚಾಲು ಮಾಷ್ಟ್ರು: ನಾನು ಗಣಿತದ ಮಾಷ್ಟ್ರು. 1984ರಲ್ಲಿ ಮಂಗಳೂರಿಗೆ ಹೋಗಿ ಮೈಸೂರಿನಲ್ಲಿ ತಯಾರಾದ ಯೆಜ್ಡಿ ತಂದು ಹದಿನೆಂಟು ವರ್ಷ ಬಿಟ್ಟಿದ್ದೇನೆ. ಕಿಕ್ ಮತ್ತು ಗೇರಿಗೆ ಒಂದೇ ಲಿವರ್ ಇದ್ದ ಗಾಡಿ. ನನ್ನ ಅಭಿಮಾನವನ್ನು ಪೆಟ್ರೋಲ್ ಬಂಕಿನ ಬಿಲ್ಲಿನಲ್ಲಿ ಅಳೆಯಬೇಡಿ.

ಕುಂಬಳೆ ರೈಡರ್: ಅಭಿಮಾನ ಇದ್ದರೆ ಗೊತ್ತಿರಬೇಕಿತ್ತು. 1967ರಲ್ಲೇ ಗಡಿ ವಿವಾದದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಅಂತ ವರದಿ ಕೊಟ್ಟಿತ್ತು. ಅದು ಜಾರಿಯಾಗಿದ್ದರೆ ಇವತ್ತು ಕುಂಬಳೆಯಲ್ಲೇ ಕರ್ನಾಟಕದ ರೇಟು.

ಮಂಜೇಶ್ವರದವಳು: ದೇವರೇ. ಕಾರ್ಬೊರೇಟರ್ ಕೇಳಿದವನಿಗೆ ಮಹಾಜನ ವರದಿ.

ಉಪ್ಪಳ 650: ಮಹಾಜನ ವರದಿ ಜಾರಿಯಾಗಿದ್ದರೆ ಬೈಕಿನ ರೋಡ್ ಟ್ಯಾಕ್ಸೂ ಕರ್ನಾಟಕದ್ದೇ ಕೊಡಬೇಕಿತ್ತು. ಅದನ್ನೂ ಲೆಕ್ಕ ಹಾಕಿ.

ಕುಂಬಳೆ ರೈಡರ್: ಟ್ಯಾಕ್ಸಿನ ಮಾತು ಯಾರು ಆಡುವುದು ನೋಡಿ. ನಿಮ್ಮ ಗಾಡಿಯ ಸೈಲೆನ್ಸರ್ ಕಂಪನಿಯದ್ದಾ? ಉಪ್ಪಳ ಪೇಟೆಯಲ್ಲಿ ನೀವು ಹೋದರೆ ಕುಂಬಳೆಯ ನಾಯಿ ಬೊಗಳುತ್ತದೆ.

ಉಪ್ಪಳ 650: ಅದು ವಿಷಯ ಅಲ್ಲ.

ಹಳೆಗಾಡಿ ಮಾವ: ಅದೇ ವಿಷಯ! ಹೊಸ ಗಾಡಿಯಲ್ಲಿ ಎಲ್ಲಾ ಉಂಟು ಅಂದವರು ಸೈಲೆನ್ಸರ್ ಯಾಕೆ ಬದಲಾಯಿಸಿದಿರಿ? ಶಬ್ದ ಸಾಲಲಿಲ್ಲ ಅಲ್ವಾ? ಕಂಪನಿ ಕೊಟ್ಟ ರೂಪವನ್ನು ಬದಲಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಕೇರಳದ ಕೇಸಿನಲ್ಲೇ. ನನ್ನದಕ್ಕೆ ಫ್ಯಾಕ್ಟರಿ ಶಬ್ದವೇ ಸಾಕು.

ಉಪ್ಪಳ 650: ನಿಮ್ಮ ಗಾಡಿ ಬಿಡುವ ನೀಲಿ ಹೊಗೆಗೆ ಪೊಲ್ಯೂಷನ್ ಸರ್ಟಿಫಿಕೇಟ್ ಯಾರು ಕೊಟ್ಟರು ಅಂತ ನಾನು ಕೇಳಲಿಲ್ಲ. ಈಗ ಕೇಳುತ್ತೇನೆ.

ಹಳೆಗಾಡಿ ಮಾವ: ಸರ್ಟಿಫಿಕೇಟ್ ಉಂಟು. ಎಲ್ಲಿಂದ ಅಂತ ನಿಮಗೆ ಬೇಡ.

ಮಂಜೇಶ್ವರದವಳು: ಪೆರ್ಲದವರೇ, ಎಂಜಿನ್ ಬಿಚ್ಚುವ ಮೊದಲು ಆರ್‌ಸಿ ಹುಡುಕಿ. 1985ರದ್ದಾದರೆ ಹಳೇ ಮೂರಕ್ಷರದ ನಂಬರ್ ಇರುತ್ತದೆ. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಅದು ಬರುತ್ತದಾ ನೋಡಿ. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ರಿನ್ಯೂ ಮಾಡಿಸಬೇಕು. 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ದಾಟಿದ ಬೈಕಿಗೆ ರಿನ್ಯೂವಲ್ ಫೀಸು 2,000 ರೂಪಾಯಿ ಮಾಡಿದ್ದಾರೆ. ಟ್ಯಾಕ್ಸ್ ಬಾಕಿ ಇದ್ದರೆ ಅದು ಬೇರೆ. ವಿಂಟೇಜ್ ಅಂತ ಮಾಡಿಸೋಣ ಅನ್ನಬೇಡಿ, ಅದಕ್ಕೆ ಐವತ್ತು ವರ್ಷ ಆಗಬೇಕು. ಕಾಗದ ಇಲ್ಲದ ಗಾಡಿಗೆ ಒಂದೂವರೆ ಲಕ್ಷ ಹಾಕಿ ಅಂಗಳದಲ್ಲಿ ನಿಲ್ಲಿಸಿಕೊಂಡವರು ನನಗೇ ಇಬ್ಬರು ಗೊತ್ತು.

ಪೆರ್ಲದವ: ಆರ್‌ಸಿ ಸಿಕ್ಕಿತು ಅಕ್ಕಾ! ಅಪ್ಪನ ಪಂಚಾಂಗದ ಕಟ್ಟಿನೊಳಗಿತ್ತು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದರು. ಗುಜರಿಗೆ ಹಾಕುವ ಗಾಡಿಯ ಆರ್‌ಸಿ ಯಾಕೆ ಹೀಗೆ ಸುತ್ತಿದ್ದು ಅಂತ ಕೇಳಿದೆ. ಉತ್ತರ ಕೊಡದೆ ತೋಟಕ್ಕೆ ಹೋದರು.

ಹಳೆಗಾಡಿ ಮಾವ: ಇನ್ನೆಂತ ಬೇಕು? ಶುರು ಮಾಡಿ.

ಉಪ್ಪಳ 650: ಆರ್‌ಸಿ ಸಿಕ್ಕಿದರೆ ಸಾಕಾ? ಪಾರ್ಟ್ಸ್ ಎಲ್ಲಿಂದ? ಪಿಸ್ಟನ್, ರಿಂಗ್ ಹುಡುಕಿಕೊಂಡು ಊರೂರು ತಿರುಗಬೇಕು. ಒರಿಜಿನಲ್ ಅಂತ ಕೊಟ್ಟು ಡೂಪ್ಲಿಕೇಟ್ ಹಾಕುತ್ತಾರೆ.

ಕುಂಬಳೆ ರೈಡರ್: ಪಾರ್ಟ್ಸ್ ಬೆಂಗಳೂರಿನಲ್ಲಿ ಹುಡುಕಿದರೆ ಸಿಗುತ್ತದೆ. ಹೋಗುವಾಗ ತಲಪಾಡಿ ದಾಟಿ ಫುಲ್ ಟ್ಯಾಂಕ್ ಮಾಡಿಕೊಳ್ಳಿ, ನಾಲ್ಕು ರೂಪಾಯಿ ಉಳಿಯುತ್ತದೆ.

ನೀರ್ಚಾಲು ಮಾಷ್ಟ್ರು: ಪೆರ್ಲದಿಂದ ಬೆಂಗಳೂರಿಗೆ ಹೋಗುವವನು ತಲಪಾಡಿಗೆ ಯಾಕೆ ಹೋಗುತ್ತಾನೆ? ಅಡ್ಕಸ್ಥಳ ದಾಟಿದರೆ ಕರ್ನಾಟಕ. ಗಣಿತ ಹೋಗಲಿ, ಭೂಗೋಳವೂ ಇಲ್ಲ.

ಕುಂಬಳೆ ರೈಡರ್: ಅಡ್ಕಸ್ಥಳ ದಾಟಿದರೆ ಕರ್ನಾಟಕದ ರೇಟು ಅಂತ ಈಗ ನೀವೇ ಒಪ್ಪಿದಿರಿ. ಥ್ಯಾಂಕ್ಸ್.

ಮುಳ್ಳೇರಿಯ ವರ್ಕ್‌ಶಾಪ್: ಫೋಟೋವನ್ನು ಈಗ ದೊಡ್ಡದು ಮಾಡಿ ನೋಡಿದೆ. ಟ್ಯಾಂಕಿನ ಅಡಿಯಲ್ಲಿ ಎಡಗಡೆ ತುಕ್ಕು ತಿಂದು ಎರಡು ತೂತಾಗಿದೆ. ಪೆಟ್ರೋಲ್ ಎಲ್ಲಿಂದ ತಂದರೂ ಅದರಲ್ಲಿ ನಿಲ್ಲುವುದಿಲ್ಲ. ಮೊದಲು ಟ್ಯಾಂಕ್ ಬಿಚ್ಚಿ ತನ್ನಿ, ಬೆಸುಗೆ ಹಾಕಿಸುವ.

ಕುಂಬಳೆ ರೈಡರ್: ನೋಡಿದಿರಾ? ಇ20 ಹಾಕಿದರೆ ಟ್ಯಾಂಕಿಗೆ ಹೀಗೇ ಆಗುವುದು.

ನೀರ್ಚಾಲು ಮಾಷ್ಟ್ರು: ಆ ಗಾಡಿ 2003ರಿಂದ ಕೊಟ್ಟಿಗೆಯಲ್ಲಿದೆ.

ಕುಂಬಳೆ ರೈಡರ್: 2003ರಲ್ಲಿ ಅವರು ಪೆಟ್ರೋಲ್ ಹಾಕಿಸಿದ್ದು ಎಲ್ಲಿ ಅಂತ ಕೇಳಿ ಮೊದಲು.