ಉತ್ತರ ಕನ್ನಡಕ್ಕೆ ಪ್ರತ್ಯೇಕ ಮಾನವ ಹಕ್ಕು ಆಯೋಗ: ಕಾನೂನಿನಲ್ಲಿ ದಾರಿ ಇದೆಯೇ?

ಕೋಡಿಬಾಗದಿಂದ
ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುವ ತಯಾರಿ ನಡೆದಿದೆ. ಬೇಡಿಕೆ ಒಂದೇ: ಕಾರವಾರದಲ್ಲಿ ಜಿಲ್ಲಾ ಮಾನವ ಹಕ್ಕು ಆಯೋಗ. ದೂರಿನ ಬೆನ್ನು ಹತ್ತಿ ಬೆಂಗಳೂರಿಗೆ ಐನೂರು ಕಿಲೋಮೀಟರ್ ಓಡಾಡುವುದು ಮೀನುಗಾರ ಕುಟುಂಬಕ್ಕೂ ಜೊಯಿಡಾದ ಹಳ್ಳಿಯವರಿಗೂ ಆಗದ ಮಾತು. ಇಂಥ ಆಯೋಗ ರಚಿಸುವ ಅಧಿಕಾರ ಯಾರಿಗಿದೆ? ಆಗದಿದ್ದರೆ ಸೊಸೈಟಿ ನೋಂದಾಯಿಸಿ ಅದೇ ಹೆಸರಲ್ಲಿ ಶುರು ಮಾಡಬಹುದೇ?

ಶಿರಸಿ ವಕೀಲ
ಡಿಸಿಗೂ ಇಲ್ಲ, ಜಿಲ್ಲಾ ಪಂಚಾಯಿತಿಗೂ ಇಲ್ಲ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಆಯೋಗಗಳು ಎರಡೇ ಹಂತದಲ್ಲಿ: ದೆಹಲಿಯ ರಾಷ್ಟ್ರೀಯ ಆಯೋಗ, 21ನೇ ಕಲಮಿನ ರಾಜ್ಯ ಆಯೋಗ. ಜಿಲ್ಲೆಗೆ ಸಿಗುವುದು 30ನೇ ಕಲಮಿನ ಮಾನವ ಹಕ್ಕು ನ್ಯಾಯಾಲಯ. ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಗಳ ಸಮ್ಮತಿ ಪಡೆದು ಸರ್ಕಾರ ಒಂದು ಸೆಷನ್ಸ್ ಕೋರ್ಟನ್ನು ಹಾಗೆ ಗೊತ್ತುಪಡಿಸಬಹುದು. ಅಲ್ಲಿನ ವಿಶೇಷ ಅಭಿಯೋಜಕರಿಗೆ (ಸರ್ಕಾರದ ಪರ ವಾದಿಸುವ ವಕೀಲರಿಗೆ) ಕನಿಷ್ಠ 7 ವರ್ಷ ವಕೀಲಿಕೆ ಆಗಿರಬೇಕು (ಕಲಂ 31). ಆದರೆ ಯಾವ ಅಪರಾಧ 'ಮಾನವ ಹಕ್ಕು ಉಲ್ಲಂಘನೆಯ ಅಪರಾಧ' ಎಂದು ಕಾಯ್ದೆ ಎಲ್ಲೂ ಹೇಳಿಲ್ಲ, ಹಾಗಾಗಿ ಬೋರ್ಡು ಇದ್ದರೂ ಕೆಲಸ ಕಮ್ಮಿ.

ಸೊಸೈಟಿಗೆ 'ಆಯೋಗ' ಅಂತ ಹೆಸರಿಡುವ ಯೋಚನೆ ದಯವಿಟ್ಟು ಬಿಡಿ. ಏಳು ಜನ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಆಗುತ್ತದೆ, ವಿಚಾರಣೆಗೆ ಆಯೋಗಕ್ಕಿರುವ ಸಿವಿಲ್ ಕೋರ್ಟಿನ ಅಧಿಕಾರ ಬರುವುದಿಲ್ಲ. ಗುರುತಿನ ಚೀಟಿ, ಕಾರಿಗೊಂದು ಬೋರ್ಡು, ಠಾಣೆಯಲ್ಲಿ ದಬಾಯಿಸುವುದು, ಆ ದಂಧೆ ಈಗಾಗಲೇ ಸಾಕಷ್ಟಿದೆ. 'ಮಾನವ ಹಕ್ಕು ನೆರವು ಕೇಂದ್ರ' ಎಂದರೆ ತಕರಾರಿಲ್ಲ.

ಆಡಳಿತ ಓದುಗ
ಹೊಸ ಸಂಸ್ಥೆ ಕೇಳುವ ಮೊದಲು ಇರುವುದು ಹೇಗೆ ಕಟ್ಟಿದ್ದು ನೋಡಿ. ರಾಜ್ಯ ಆಯೋಗದ ಅಧ್ಯಕ್ಷ, ಸದಸ್ಯರನ್ನು ರಾಜ್ಯಪಾಲರು ನೇಮಿಸುವುದು ಸಮಿತಿಯ ಶಿಫಾರಸಿನ ಮೇಲೆ. ಮುಖ್ಯಮಂತ್ರಿ, ಸ್ಪೀಕರ್, ಗೃಹ ಸಚಿವ, ವಿಧಾನಸಭೆಯ ವಿರೋಧ ಪಕ್ಷದ ನಾಯಕ. ನಮ್ಮಲ್ಲಿ ಮೇಲ್ಮನೆಯೂ ಇರುವುದರಿಂದ ಪರಿಷತ್ತಿನ ಸಭಾಪತಿ ಮತ್ತು ಅಲ್ಲಿನ ವಿರೋಧ ಪಕ್ಷದ ನಾಯಕ. ಒಟ್ಟು ಆರು ಜನ. 2019ರ ತಿದ್ದುಪಡಿಯ ನಂತರ ಅವಧಿ 3 ವರ್ಷ ಅಥವಾ 70 ವಯಸ್ಸು, ಯಾವುದು ಮೊದಲೋ ಅದು.

ಎಡವುವುದು 27ನೇ ಕಲಮಿನಲ್ಲಿ. ಆಯೋಗದ ತನಿಖಾ ಸಿಬ್ಬಂದಿಯನ್ನು ಸರ್ಕಾರವೇ ಪೊಲೀಸ್ ಇಲಾಖೆಯಿಂದ ಕೊಡುತ್ತದೆ. ಡೆಪ್ಯುಟೇಶನ್ ಮುಗಿದ ಮೇಲೆ ಅದೇ ಇಲಾಖೆಗೆ ವಾಪಸಾಗುವವನು ತನ್ನ ಮೇಲಧಿಕಾರಿ ವಿರುದ್ಧ ಎಷ್ಟು ಬರೆದಾನು? ಮಾನವ ಹಕ್ಕು ಸಂಸ್ಥೆಗಳು ಹೇಗಿರಬೇಕು ಎಂದು ವಿಶ್ವಸಂಸ್ಥೆ 1993ರಲ್ಲಿ ಒಪ್ಪಿದ ಪ್ಯಾರಿಸ್ ತತ್ವಗಳು ಕೇಳುವುದು ಸ್ವಂತ ಸಿಬ್ಬಂದಿ, ಸ್ವಂತ ಹಣ. ಈ ತತ್ವಗಳಡಿ ನಮ್ಮ ರಾಷ್ಟ್ರೀಯ ಆಯೋಗಕ್ಕೆ ಸಿಗುವ ಅಂತರರಾಷ್ಟ್ರೀಯ ಮಾನ್ಯತೆಯ ನಿರ್ಧಾರವನ್ನು 2023 ಮತ್ತು 2024ರಲ್ಲಿ ಮುಂದೂಡಿದಾಗ ಎದ್ದ ಆಕ್ಷೇಪಗಳಲ್ಲಿ ತನಿಖೆಗೆ ಪೊಲೀಸರನ್ನೇ ಹಚ್ಚುವುದೂ ಒಂದು. ಜಿಲ್ಲಾ ಆಯೋಗ ಬಂದರೂ ಇದೇ ಅಚ್ಚಿನಲ್ಲಿ ಬಂದರೆ ಎಸ್‌ಪಿ ಕಚೇರಿಗೆ ಇನ್ನೊಂದು ಟಪಾಲು ವಿಭಾಗ ಆದಂತೆ, ಅಷ್ಟೇ.

ಶಿರಸಿ ವಕೀಲ
ಸರಿಯಾದ ಮಾತು. ಅದಕ್ಕೇ ದೂರಿನಲ್ಲೇ 'ಜಿಲ್ಲಾ ಪೊಲೀಸರ ವರದಿ ಸಾಲದು, 14ನೇ ಕಲಮಿನಡಿ ಬೇರೆ ಅಧಿಕಾರಿಯಿಂದ ತನಿಖೆ ಮಾಡಿಸಿ' ಎಂದು ಬರೆಯಬೇಕು. ಕೇಳದಿದ್ದರೆ ಎಸ್‌ಪಿ ವರದಿ ತರಿಸಿ ಮುಗಿಸುವುದೇ ವಾಡಿಕೆ.

ನಮ್ಮ ಜಿಲ್ಲೆಯಲ್ಲಿ ದೂರು ಬಿದ್ದುಹೋಗುವುದಕ್ಕೆ ಕಾರಣ ಸಾಮಾನ್ಯವಾಗಿ ಇವೇ. ಮೊದಲನೆಯದು ತಾರೀಖು. ಘಟನೆ ನಡೆದು ಒಂದು ವರ್ಷ ದಾಟಿದರೆ 36(2)ರ ಪ್ರಕಾರ ವಿಚಾರಣೆ ಇಲ್ಲ. ಎರಡನೆಯದು ತಪ್ಪು ಬಾಗಿಲು. ಅರಗಾ ನೌಕಾನೆಲೆಯ ಸಿಬ್ಬಂದಿಯಾಗಲಿ, ಕೈಗಾ ಗೇಟಿನ ಸಿಐಎಸ್‌ಎಫ್ ಆಗಲಿ, ಸಮುದ್ರದಲ್ಲಿ ಕೋಸ್ಟ್ ಗಾರ್ಡ್ ಆಗಲಿ, ಇವು ಕೇಂದ್ರದ ಸಶಸ್ತ್ರ ಪಡೆ. ರಾಜ್ಯ ಆಯೋಗಕ್ಕೆ ಕೊಟ್ಟು ಪ್ರಯೋಜನವಿಲ್ಲ, ರಾಷ್ಟ್ರೀಯ ಆಯೋಗಕ್ಕೆ 19ನೇ ಕಲಮಿನಡಿ ಹೋಗಬೇಕು. ಅಲ್ಲೂ ಸ್ವಂತ ತನಿಖೆ ಇಲ್ಲ. ಕೇಂದ್ರದಿಂದ ವರದಿ ತರಿಸಿ ಶಿಫಾರಸು ಮಾಡುವಷ್ಟೇ. ಅರಣ್ಯ ಇಲಾಖೆ, ಪೊಲೀಸ್, ಜೈಲಿನಂಥವು ರಾಜ್ಯ ಆಯೋಗದ ವ್ಯಾಪ್ತಿ. ಎರಡೂ ಕಡೆ ಒಟ್ಟಿಗೇ ಕೊಡಬೇಡಿ, ಒಂದು ಕಡೆ ನಡೆಯುತ್ತಿದೆ ಎಂದು ಇನ್ನೊಂದು ಕಡೆ ಮುಚ್ಚುತ್ತಾರೆ. ಭೂಸ್ವಾಧೀನ ಪರಿಹಾರ ಕೋರ್ಟಿನಲ್ಲಿದ್ದರೆ ಅದನ್ನೂ ಮುಟ್ಟುವುದಿಲ್ಲ.

ಅರಣ್ಯ ಜಮೀನಿನಿಂದ ಎಬ್ಬಿಸುವ ದೂರಿದ್ದರೆ 'ಒತ್ತುವರಿ' ಪದವನ್ನು ನೀವಾಗೇ ಬಳಸಬೇಡಿ. ಅರಣ್ಯ ಹಕ್ಕಿಗೆ ಕೊಟ್ಟ ಅರ್ಜಿಯ ಪರಿಶೀಲನೆ ಮುಗಿಯುವವರೆಗೆ ಎಬ್ಬಿಸುವಂತಿಲ್ಲ ಎಂದು 2006ರ ಅರಣ್ಯ ಹಕ್ಕು ಕಾಯ್ದೆಯ 4(5) ಹೇಳುತ್ತದೆ. ಗ್ರಾಮಸಭೆಗೆ ಕೊಟ್ಟ ಅರ್ಜಿಯ ಸ್ವೀಕೃತಿ, ನೋಟಿಸಿನ ಪ್ರತಿ, ಬಂದ ಸಿಬ್ಬಂದಿಯ ಹುದ್ದೆ, ದಿನ, ಹೊತ್ತು ಸೇರಿಸಿ.

ಕೋಡಿಬಾಗದಿಂದ
ಹಾಗಾದರೆ ಮನವಿಯಲ್ಲಿ ಏನು ಕೇಳುವುದು?

ಆಡಳಿತ ಓದುಗ
ಕಾರವಾರದಲ್ಲಿ ಕ್ಯಾಂಪ್ ಕಲಾಪ, ಅಂದರೆ ರಾಜ್ಯ ಆಯೋಗವೇ ಇಲ್ಲಿಗೆ ಬಂದು ದೂರು ವಿಚಾರಿಸುವುದು. ಆಯೋಗ ತನ್ನ ಕಾರ್ಯವಿಧಾನ ತಾನೇ ನಿಗದಿ ಮಾಡಿಕೊಳ್ಳಬಹುದು (ಕಲಂ 10), ಕಾಯ್ದೆ ತಿದ್ದುವುದೇ ಬೇಕಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾ ನ್ಯಾಯಾಧೀಶರೇ. ದೂರು ಬರೆಸಲು, ದಾಖಲೆ ಜೋಡಿಸಲು ಆ ಕಚೇರಿಯ ನೆರವು ಕೇಳಿ; ಮಹಿಳೆಯರು, ಎಸ್‌ಸಿ-ಎಸ್‌ಟಿ, ಬಂಧನದಲ್ಲಿರುವವರಿಗೆ ಅಲ್ಲಿ ವರಮಾನ ನೋಡದೆ ಉಚಿತ. ಘಟ್ಟದ ಮೇಲಿನವರು ಕಾರವಾರಕ್ಕೆ ಇಳಿಯುವುದೂ ಬೇಡ, ತಾಲೂಕು ಸಮಿತಿ ಇದೆ. ಮನವಿ ಡಿಸಿಗಿಂತ ಮೊದಲು ಆಯೋಗದ ಕಾರ್ಯದರ್ಶಿಗೆ ಹೋಗಲಿ, ಪ್ರತಿ ಡಿಸಿಗೆ. ಜೊತೆಗೆ ಜಿಲ್ಲೆಯಿಂದ ಹೋಗಿ ಬಾಕಿ ಇರುವ ದೂರುಗಳ ಸಂಖ್ಯೆಯನ್ನು ಮಾಹಿತಿ ಹಕ್ಕಿನಡಿ ತೆಗೆಸಿ ಲಗತ್ತಿಸಿ. 30 ದಿನದೊಳಗೆ ಉತ್ತರ ಬರಬೇಕು.