ಒಬಾಮಾ–ಲಿಂಕನ್ ಹೋಲಿಕೆ: ಚರ್ಚಾಸ್ಪರ್ಧೆಗೆ ಮಕ್ಕಳನ್ನು ಹೇಗೆ ತಯಾರು ಮಾಡಲಿ?

ರಾಜ್ಯಶಾಸ್ತ್ರ ಮೇಡಂ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಒಂದು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸ್ತೀನಿ. ಮುಂದಿನ ತಿಂಗಳು ನಮ್ಮಲ್ಲಿ ಚರ್ಚಾಸ್ಪರ್ಧೆ ಇದೆ. ವಿಷಯ: '2008ರ ಚುನಾವಣೆಯಲ್ಲಿ ಒಬಾಮಾ ಅವರನ್ನು ಅಬ್ರಹಾಂ ಲಿಂಕನ್‌ಗೆ ಹೋಲಿಸಿದ್ದು ಸರಿ.' ಪರವಾಗಿ ಮಾತಾಡುವ ಹುಡುಗಿ ಆಳಂದ ಕಡೆಯಿಂದ ದಿನಾ ಬಸ್ಸಿಗೆ ಬರ್ತಾಳೆ. ವಿರೋಧವಾಗಿ ಮಾತಾಡುವವಳು ಚಿತ್ತಾಪುರದವಳು.

ಆಳಂದದ ಹುಡುಗಿ ಬೋರ್ಡಿನ ಮೇಲೆ ಉದ್ದನೆಯ ಪಟ್ಟಿ ಬರೆದಳು. ಇಬ್ಬರೂ ವಕೀಲರು. ಒಬ್ಬರು ಹುಟ್ಟಿದ್ದು ಕೆಂಟಕಿಯಲ್ಲಿ, ಇನ್ನೊಬ್ಬರು ಹವಾಯಿಯಲ್ಲಿ, ಆದರೆ ಇಬ್ಬರೂ ರಾಜಕೀಯಕ್ಕೆ ಇಳಿದದ್ದು ಇಲಿನಾಯ್‌ನಲ್ಲಿ. ಇಬ್ಬರೂ ಮೊದಲು ಅಲ್ಲಿನ ರಾಜ್ಯ ಶಾಸನಸಭೆಯಲ್ಲಿ ಕೂತವರು. ಇಬ್ಬರೂ ಎತ್ತರ, ತೆಳ್ಳಗೆ. ಇಬ್ಬರೂ ಒಳ್ಳೆಯ ಮಾತುಗಾರರು. ಇಬ್ಬರಿಗೂ ವಾಷಿಂಗ್ಟನ್ ಅನುಭವ ಕಡಿಮೆ. 2007ರ ಫೆಬ್ರವರಿ 10ರಂದು ಒಬಾಮಾ ತಾನು ಅಭ್ಯರ್ಥಿ ಅಂತ ಘೋಷಿಸಿದ್ದು ಸ್ಪ್ರಿಂಗ್‌ಫೀಲ್ಡಿನ ಹಳೆಯ ಶಾಸನಭವನದ ಮುಂದೆ. 1858ರಲ್ಲಿ ಲಿಂಕನ್ 'ಒಡೆದ ಮನೆ ನಿಲ್ಲದು' ಅಂತ ಭಾಷಣ ಮಾಡಿದ ಕಟ್ಟಡ ಅದೇ.

ಆಗ ಚಿತ್ತಾಪುರದವಳು ಎದ್ದು ಕೇಳಿದಳು: "ಮೇಡಂ, ಪ್ರತಿ ಚುನಾವಣಿಗೂ ನಮ್ಮೂರ ಬ್ಯಾನರ್‌ನ್ಯಾಗ ಒಬ್ಬ ಅಭಿನವ ಬಸವಣ್ಣ ಬರ್ತಾನ. ಇದೂ ಹಂಗೇ ಅಲ್ಲೇನ್ರಿ?"

ಅವಳ ಪ್ರಶ್ನೆ ನನ್ನ ತಲೆಯಿಂದ ಹೋಗ್ತಾ ಇಲ್ಲ. ಈ ಮಕ್ಕಳಲ್ಲಿ ಹೆಚ್ಚಿನವರು ಮುಂದಿನ ಚುನಾವಣೆಗೆ ಮೊದಲ ಸಲ ಮತ ಹಾಕ್ತಾರೆ. ಯಾರನ್ನಾದರೂ ದೊಡ್ಡವರ ಪಕ್ಕ ನಿಲ್ಲಿಸಿ ತೋರಿಸಿದಾಗ ಅದನ್ನು ಹೇಗೆ ಪರೀಕ್ಷೆ ಮಾಡಬೇಕು ಅನ್ನೋದನ್ನು ಅವರು ಇಲ್ಲೇ ಕಲಿಯಬೇಕು ಅನ್ನೋದು ನನ್ನ ಆಸೆ. ಎತ್ತರ, ಊರು, ವೃತ್ತಿ ಬಿಟ್ಟು ನ್ಯಾಯವಾದ ಅಳತೆ ಯಾವುದು? ಇತಿಹಾಸ ಬಲ್ಲವರು ದಯವಿಟ್ಟು ಹೇಳಿ.

ಹುಮನಾಬಾದ್ ಮಾಸ್ತರ್ (ನಿವೃತ್ತ)

ಮೇಡಂ, ಮಕ್ಕಳ ತಲೆಯೊಳಗಿನ ಲಿಂಕನ್ ವಾಷಿಂಗ್ಟನ್ನಿನ ಆ ಅಮೃತಶಿಲೆಯ ಕುರ್ಚಿ ಮೇಲೆ ಕೂತಾನ. ಅವನನ್ನು ಮೊದಲು ಕೆಳಗಿಳಿಸಿ, 1860ರ ಮೇ ತಿಂಗಳಿಗೆ ಕರಕೊಂಡು ಹೋಗ್ರಿ.

ಷಿಕಾಗೋದಲ್ಲಿ ರಿಪಬ್ಲಿಕನ್ ಪಕ್ಷದ ಅಧಿವೇಶನ. ಎಲ್ಲರ ಬಾಯಲ್ಲಿ ಇದ್ದದ್ದು ನ್ಯೂಯಾರ್ಕಿನ ಸೀವರ್ಡ್ ಹೆಸರು. ಲಿಂಕನ್ ಮೂರನೇ ಸುತ್ತಿನ ಮತದಾನದಲ್ಲಿ ಗೆದ್ದ. ಅವನ ಅರ್ಹತೆ ಏನು? ಸಂಸತ್ತಿನಲ್ಲಿ ಒಂದೇ ಅವಧಿ, 1847ರಿಂದ 1849. ಸೆನೆಟ್‌ಗೆ ಹೋಗಲು 1855ರಲ್ಲೂ 1858ರಲ್ಲೂ ಯತ್ನಿಸಿ ಸೋತವ. ಆ ನವೆಂಬರ್‌ನಲ್ಲಿ ಅಧ್ಯಕ್ಷನಾಗಿ ಗೆದ್ದಾಗಲೂ ಜನರ ಮತ ಬಿದ್ದದ್ದು ಶೇ. 40ಕ್ಕಿಂತ ಸ್ವಲ್ಪ ಕಡಿಮೆ, ದಕ್ಷಿಣದ ಬಹುತೇಕ ರಾಜ್ಯಗಳಲ್ಲಿ ಅವನ ಹೆಸರಿನ ಮತಪತ್ರವೇ ಇರಲಿಲ್ಲ. ಅಂದಿನ ಮತದಾರನ ಕಣ್ಣ ಮುಂದೆ ಗೆಟ್ಟಿಸ್‌ಬರ್ಗ್ ಇಲ್ಲ, 1863ರ ವಿಮೋಚನಾ ಘೋಷಣೆ ಇಲ್ಲ, ಗುಲಾಮಗಿರಿ ರದ್ದು ಮಾಡಿದ 13ನೇ ತಿದ್ದುಪಡಿ ಇಲ್ಲ, ಅವನ ಜೀವ ತೆಗೆದ 1865ರ ಏಪ್ರಿಲ್ 14ರ ರಾತ್ರಿಯ ಗುಂಡೂ ಇಲ್ಲ. ಯಾವುದೇ ಅಭ್ಯರ್ಥಿಯನ್ನು ಹೋಲಿಸುವುದಿದ್ದರೆ ಈ ಲಿಂಕನ್ ಜೊತೆ ಹೋಲಿಸಬೇಕು. ತೀರಿಹೋದ ಮೇಲಿನ ಲಿಂಕನ್ ಜೊತೆ ನಿಲ್ಲಿಸಿದರೆ ಭೂಮಿ ಮೇಲಿನ ಯಾವ ಅಭ್ಯರ್ಥಿಯೂ ಉಳಿಯಲ್ಲ. ಅಥವಾ ಬ್ಯಾನರ್ ಬರೆಸುವವರು ಮಾಡುವ ಹಾಗೆ, ಯಾರು ಬೇಕಾದರೂ ಆ ಬೆಳಕಿನಲ್ಲಿ ನಿಂತು ಹೊಳೀತಾರ.

ಹಾಗಾದರೆ 1860ರ ಲಿಂಕನ್ ಕೈಯಲ್ಲಿ ಇದ್ದದ್ದೇನು? ಒಂದು ಸ್ಪಷ್ಟ ನಿಲುವು: ಗುಲಾಮಗಿರಿ ಹೊಸ ಪ್ರಾಂತ್ಯಗಳಿಗೆ ಹಬ್ಬಕೂಡದು. ಫೆಬ್ರವರಿ 27ರಂದು ನ್ಯೂಯಾರ್ಕಿನ ಕೂಪರ್ ಯೂನಿಯನ್‌ನಲ್ಲಿ ಅವನು ಮಾಡಿದ ಭಾಷಣ ಓದಿಸ್ರಿ. ಸಂವಿಧಾನಕ್ಕೆ ಸಹಿ ಹಾಕಿದ 39 ಜನ ಈ ವಿಷಯದಲ್ಲಿ ಎಲ್ಲೆಲ್ಲಿ ಹೇಗೆ ಮತ ಹಾಕಿದ್ದರು ಅಂತ ಹಳೆಯ ದಾಖಲೆ ಹುಡುಕಿ, ಪ್ರಾಂತ್ಯಗಳಲ್ಲಿ ಗುಲಾಮಗಿರಿ ನಿಯಂತ್ರಿಸಲು ಕೇಂದ್ರಕ್ಕೆ ಅಧಿಕಾರವಿದೆ ಎಂಬ ಕಡೆ 21 ಜನ ಇದ್ದರು ಅಂತ ತೋರಿಸ್ತಾನ. ಭಾಷಣದ ಮೊದಲ ಭಾಗ ಪೂರ್ತಿ ಪುರಾವೆ. ಗೆದ್ದ ಮೇಲೆ, ಅಧಿಕಾರ ಹಿಡಿಯುವ ಮೊದಲೇ ಏಳು ರಾಜ್ಯಗಳು ಒಕ್ಕೂಟ ಬಿಟ್ಟು ಹೋದವು. ರಾಜಿ ಮಾಡಿಕೋ ಅಂತ ತನ್ನವರೇ ಒತ್ತಾಯ ಮಾಡಿದರು. ಗುಲಾಮಗಿರಿಯ ವಿಸ್ತರಣೆ ಒಂದು ವಿಷಯದಲ್ಲಿ ಮಾತ್ರ ಬಗ್ಗಬೇಡಿ ಅಂತ ಅವನು ಡಿಸೆಂಬರ್‌ನಲ್ಲಿ ಪಕ್ಷದವರಿಗೆ ಪತ್ರ ಬರೆದ.

ನನ್ನ ಅಳತೆ ಇಲ್ಲೇ ಅದ. ಕಳಕೊಳ್ಳುವ ಭಯ ಇದ್ದಾಗ ಅಭ್ಯರ್ಥಿ ಏನು ಹೇಳಿದ? ಗೆದ್ದ ಮೇಲೆ ಅದೇ ಮಾತಿಗೆ ನಿಂತನಾ?

ಆ ಪಟ್ಟಿಯಲ್ಲಿ ಇರಲೇಬೇಕಾದ ಹೋಲಿಕೆ ಬಿಟ್ಟುಹೋಗ್ಯದ. 1847ರ ಡಿಸೆಂಬರ್‌ನಲ್ಲಿ, ಸಂಸತ್ತಿಗೆ ಹೊಸಬನಾಗಿದ್ದ ಲಿಂಕನ್, ಮೆಕ್ಸಿಕೊ ಯುದ್ಧಕ್ಕೆ ಅಧ್ಯಕ್ಷ ಪೋಕ್ ಕೊಟ್ಟ ಕಾರಣವನ್ನೇ ಪ್ರಶ್ನಿಸಿದ: ನಮ್ಮವರ ರಕ್ತ ನಮ್ಮ ನೆಲದಲ್ಲೇ ಬಿತ್ತು ಅಂತೀರಲ್ಲ, ಆ ಜಾಗ ತೋರಿಸಿ. ಊರಲ್ಲಿ ಅವನಿಗೆ ಬೈಗುಳ ಬಿತ್ತು. 2002ರ ಅಕ್ಟೋಬರ್ 2ರಂದು ಷಿಕಾಗೋದಲ್ಲಿ, ಇನ್ನೂ ರಾಜ್ಯ ಸೆನೆಟರ್ ಆಗಿದ್ದ ಒಬಾಮಾ, ಇರಾಕ್ ಯುದ್ಧ ಬೇಡ ಅಂತ ಬಹಿರಂಗವಾಗಿ ಹೇಳಿದರು. ಅದೇ ತಿಂಗಳು, 2008ರಲ್ಲಿ ಪಕ್ಷದೊಳಗೆ ಅವರ ಎದುರಾಳಿಯಾದ ಹಿಲರಿ ಕ್ಲಿಂಟನ್ ಸೆನೆಟ್‌ನಲ್ಲಿ ಯುದ್ಧಾಧಿಕಾರದ ಪರ ಮತ ಹಾಕಿದರು. ಇದು ನಿಜವಾದ ಹೋಲಿಕೆ, ವ್ಯತ್ಯಾಸ ಸಮೇತ: ಲಿಂಕನ್‌ಗೆ ಆ ಮಾತು ಹೊರೆಯಾಯಿತು, ಒಬಾಮಾಗೆ 2008ರಲ್ಲಿ ಅದೇ ಬಲವಾಯಿತು.

ಅಧಿಕಾರಕ್ಕೆ ಬಂದ ಮೇಲಿನದನ್ನೂ ತೂಗಲಿ. ಗ್ವಾಂಟನಾಮೊ ಸೆರೆಮನೆ ಒಂದು ವರ್ಷದೊಳಗೆ ಮುಚ್ಚಬೇಕು ಅಂತ 2009ರ ಜನವರಿ 22ರಂದು ಒಬಾಮಾ ಆದೇಶಕ್ಕೆ ಸಹಿ ಹಾಕಿದರು. 2017ರಲ್ಲಿ ಅವರು ಹೊರಟಾಗಲೂ ಅದು ತೆರೆದೇ ಇತ್ತು. ಆರೋಗ್ಯ ವಿಮೆಯ ಕಾನೂನಿಗೆ ಮಾತ್ರ ಪಟ್ಟು ಹಿಡಿದು 2010ರ ಮಾರ್ಚ್‌ನಲ್ಲಿ ತಂದರು. ಎರಡನ್ನೂ ತಕ್ಕಡಿಗೆ ಹಾಕಲಿ.

ಇನ್ನೊಂದು ಮಾತು. ಒಕ್ಕೂಟ ಅನ್ನೋ ಪದ ನಮ್ಮ ಮಕ್ಕಳಿಗೆ ದೂರದ್ದಲ್ಲ. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ಬೀದರ್, ಕಲಬುರಗಿ ನಿಜಾಮರ ಕೈಯಲ್ಲೇ ಇದ್ದವು. ನಮಗೆ ಆ ದಿನ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. ಮನೆಯ ಹಿರಿಯರನ್ನು ಕೇಳಿಬಂದ ಮಕ್ಕಳಿಗೆ ಲಿಂಕನ್ ಯಾಕೆ ಒಕ್ಕೂಟದ ಮಾತನ್ನು ಅಷ್ಟು ಹಿಡಿದ ಅಂತ ಬೇಗ ತಿಳೀತದ. ನಾನು ಕಲಿಸುವಾಗ ಹಿಂಗೇ ಕಲಿಸ್ತಿದ್ದೆ.

ಸುರಪುರ ಓದುಗ

ಮಾಸ್ತರ್ ಹೇಳಿದ್ದು ಖರೇ ಅದ, ಆದ್ರ ಲಿಂಕನ್ನನ್ನ ಇನ್ನೂ ಒಂದ್ ಮೆಟ್ಲ ಕೆಳಗ ಇಳಸ್ಬೇಕ್ರಿ. 1858ರ ಸೆಪ್ಟೆಂಬರ್ 18ಕ್ಕ ಇಲಿನಾಯ್‌ನ ಚಾರ್ಲ್ಸ್‌ಟನ್‌ನ್ಯಾಗ ಸೆನೆಟ್ ಎದುರಾಳಿ ಸ್ಟೀಫನ್ ಡಗ್ಲಸ್ ಜೋಡಿ ವಾದ ಮಾಡೂ ಮುಂದ, ಕರಿಯರಿಗೂ ಬಿಳಿಯರಿಗೂ ಸಾಮಾಜಿಕ, ರಾಜಕೀಯ ಸಮಾನತೆ ತರೂದು ನನ್ನ ಉದ್ದೇಶ ಅಲ್ಲ ಅಂತ ಅವನೇ ಹೇಳ್ಯಾನ. 1862ರ ಆಗಸ್ಟ್‌ನ್ಯಾಗ ಗ್ರೀಲಿ ಅನ್ನೂ ಸಂಪಾದಕರಿಗೆ ಬರೆದ ಪತ್ರದಾಗ, ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯೂದಾದ್ರ ಹಂಗೇ ಮಾಡ್ತೀನಿ ಅಂದಾನ. ಅದೇ ವರ್ಷ ಡಿಸೆಂಬರ್ 26ಕ್ಕ ಮಿನ್ನೆಸೋಟಾದಾಗ 38 ಡಕೋಟಾ ಮೂಲನಿವಾಸಿ ಜನರನ್ನ ಒಂದೇ ದಿನ ಗಲ್ಲಿಗೇರಿಸಿದ್ರು. ಮರಣದಂಡನೆ ಆಗಿದ್ದು 303 ಜನರಿಗೆ, ಬಹಳ ಮಂದೀದು ಅವನೇ ತಪ್ಪಿಸಿದ, ಅದೂ ಖರೇ. ಆದ್ರ ಉಳಿದವರ ಪಟ್ಟಿಗೆ ಒಪ್ಪಿಗಿ ಕೊಟ್ಟದ್ದೂ ಅವನೇ.

ನಾವು ನಾಯಕರಿಗೆ ಕೈ ಮುಗಿಯೂ ಮಂದಿ. 1949ರ ನವೆಂಬರ್ 25ಕ್ಕ ಸಂವಿಧಾನ ಸಭಾದಾಗ ಅಂಬೇಡ್ಕರ್ ಸಾಹೇಬ್ರು ಎಚ್ಚರಿಸ್ಯಾರ: ಧರ್ಮದಾಗ ಭಕ್ತಿ ಮುಕ್ತಿಗೆ ದಾರಿ ಆಗಬಹುದು, ರಾಜಕೀಯದಾಗ ಭಕ್ತಿ ಅಧಃಪತನಕ್ಕ, ಕಡೀಕ ಸರ್ವಾಧಿಕಾರಕ್ಕ ದಾರಿ. ಚಿತ್ತಾಪುರದ ತಂಗಿಗೆ ಈ ಮಾತು ಕೊಡ್ರಿ ಮೇಡಂ. ಆಕೀ ವಾದಕ್ಕ ಇದಕ್ಕಿಂತ ಗಟ್ಟಿ ಆಧಾರ ಸಿಗೂದಿಲ್ಲ.

ವಕೀಲರು, ಕಲಬುರಗಿ

ಅನುಭವದ ವಿಷಯಕ್ಕೆ ಮಾತ್ರ ಬರ್ತೀನಿ. ಲಿಂಕನ್‌ಗೂ ಅನುಭವ ಕಡಿಮೆ ಇತ್ತು, ಆದ್ದರಿಂದ ಒಬಾಮಾಗೂ ಸಾಕು ಅನ್ನುವ ವಾದ ನ್ಯಾಯಾಲಯದಲ್ಲಿ ನಿಲ್ಲಲ್ಲ. ಅನುಭವ ಕಡಿಮೆಯಿದ್ದವರೆಲ್ಲ ಲಿಂಕನ್ ಆಗಲಿಲ್ಲ. ಅತ್ತ ಲಿಂಕನ್‌ಗಿಂತ ಮೊದಲಿದ್ದ ಬ್ಯುಕ್ಯಾನನ್‌ರನ್ನು ನೋಡಿ. ಸಂಸದ, ಸೆನೆಟರ್, ರಷ್ಯಾದಲ್ಲೂ ಬ್ರಿಟನ್‌ನಲ್ಲೂ ರಾಯಭಾರಿ, ವಿದೇಶಾಂಗ ಕಾರ್ಯದರ್ಶಿ, ಎಲ್ಲ ಆಗಿದ್ದವರು. ರಾಜ್ಯಗಳು ಒಂದೊಂದಾಗಿ ಒಕ್ಕೂಟ ಬಿಟ್ಟು ಹೋಗುವಾಗ ಅವರು ತಡೆಯಲಾರದೆ ಕೂತರು. ಅತ್ಯಂತ ದುರ್ಬಲ ಅಧ್ಯಕ್ಷರ ಸಾಲಿನಲ್ಲಿ ಇತಿಹಾಸಕಾರರು ಅವರನ್ನು ಇಡ್ತಾರೆ. ಅನುಭವದ ವರ್ಷ ಎಣಿಸುವುದು ಎರಡೂ ಕಡೆಯವರಿಗೂ ಸಹಾಯ ಮಾಡಲ್ಲ.

ಹುಮನಾಬಾದ್ ಮಾಸ್ತರ್ (ನಿವೃತ್ತ)

ಸುರಪುರದವರ ಮಾತು ಒಪ್ಪಿದೆ. ಅದಕ್ಕೆ ಉತ್ತರವೂ ಆ ಕಾಲದಲ್ಲೇ ಸಿಗ್ತದ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಜೀವನಪೂರ್ತಿ ಹೋರಾಡಿದ ಫ್ರೆಡರಿಕ್ ಡಗ್ಲಸ್, 1876ರ ಏಪ್ರಿಲ್ 14ರಂದು ವಾಷಿಂಗ್ಟನ್‌ನಲ್ಲಿ ಲಿಂಕನ್ ಪ್ರತಿಮೆಯ ಅನಾವರಣದಲ್ಲಿ ಮಾತಾಡಿದರು. ಲಿಂಕನ್ ಬಿಳಿಯರ ಅಧ್ಯಕ್ಷ ಅಂತ ಆ ಸಭೆಯಲ್ಲೇ ಹೇಳಿದರು. ಗುಲಾಮಗಿರಿ ಕೂಡಲೇ ಹೋಗಬೇಕು ಅಂತಿದ್ದ ನಮ್ಮ ಕಡೆಯಿಂದ ನೋಡಿದರೆ ಆತ ನಿಧಾನಿ, ತಣ್ಣಗಿನ ಮನುಷ್ಯ. ಅವನ ದೇಶದ ಆಗಿನ ಜನಾಭಿಪ್ರಾಯ ನೋಡಿದರೆ ಚುರುಕು, ದೃಢ, ಉಗ್ರ ಅಂದರು. ಭಕ್ತಿ ಇಲ್ಲದೆ ಗೌರವ ಕೊಡುವುದು ಹೇಗೆ ಅಂತ ನಾನು ಕಲಿತದ್ದು ಆ ಭಾಷಣದಿಂದ. ಇಬ್ಬರು ಹುಡುಗಿಯರೂ ಅದನ್ನು ಓದಲೇಬೇಕು. ಪರ ಇರಲಿ, ವಿರೋಧ ಇರಲಿ.

ರಾಜ್ಯಶಾಸ್ತ್ರ ಮೇಡಂ, ಕಲಬುರಗಿ

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಫ್ರೆಡರಿಕ್ ಡಗ್ಲಸ್ ಭಾಷಣದ ಆ ಭಾಗವನ್ನು ನಾನೇ ಕನ್ನಡಕ್ಕೆ ಮಾಡಿ ಇಬ್ಬರಿಗೂ ಕೊಟ್ಟೆ. ವಿಷಯವನ್ನೇ ಬದಲಿಸಿ '1860ರಲ್ಲಿ ನಾನು ಲಿಂಕನ್‌ಗೆ ಮತ ಹಾಕುತ್ತಿದ್ದೆ' ಅಂತ ಇಡೋಣವೇ ಅಂದಾಗ ಚಿತ್ತಾಪುರದವಳು ಥಟ್ಟನೆ ಹೇಳಿದಳು: "ನಮಗ ಆಗ ವೋಟೇ ಇರಲಿಲ್ಲ ಮೇಡಂ, ಅಮೆರಿಕಾ ದೇಶಕ್ಕೆಲ್ಲ ಹೆಣ್ಮಕ್ಕಳಿಗೆ ವೋಟು ಕೊಡೂ 19ನೇ ತಿದ್ದುಪಡಿ ಬಂದದ್ದು 1920ಕ್ಕ." ಎಷ್ಟು ಖುಷಿಯಾಯಿತು ಗೊತ್ತಾ! ವಿಷಯ ಮೊದಲಿನದೇ ಇರಲಿ ಅಂತ ಬಿಟ್ಟೆ.

ಆಳಂದದವಳದು ಒಂದು ಪ್ರಶ್ನೆ ಉಳಿದಿದೆ. 2009ರಲ್ಲಿ ಒಬಾಮಾ ಪ್ರಮಾಣವಚನ ತಗೊಂಡದ್ದು ಲಿಂಕನ್ ಬೈಬಲ್ ಮೇಲೆ. ಅದನ್ನು ಪಟ್ಟಿಗೆ ಸೇರಿಸಲಾ ಅಂತ ಕೇಳ್ತಾಳೆ.

ವಕೀಲರು, ಕಲಬುರಗಿ

ಆ ಬೈಬಲ್ ಲಿಂಕನ್ ಮನೆಯದೂ ಅಲ್ಲ. ಅವರು ಪ್ರಮಾಣವಚನ ತಗೊಂಡ 1861ರ ಮಾರ್ಚ್ 4ಕ್ಕೆ ಅವರ ಸಾಮಾನು ಸ್ಪ್ರಿಂಗ್‌ಫೀಲ್ಡಿನಿಂದ ಇನ್ನೂ ಬಂದು ತಲುಪಿರಲಿಲ್ಲ. ಹಾಗಾಗಿ ಸುಪ್ರೀಂ ಕೋರ್ಟಿನ ಗುಮಾಸ್ತರು ಆ ಸಮಾರಂಭಕ್ಕಾಗಿ ಒಂದು ಪ್ರತಿ ತಂದುಕೊಟ್ಟರು. ಈಗ ಅದು ಅಮೆರಿಕದ ಸಂಸತ್ ಗ್ರಂಥಾಲಯದಲ್ಲಿದೆ. 2017ರಲ್ಲಿ ಟ್ರಂಪ್ ಕೂಡ ಅದೇ ಪ್ರತಿಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದರು. ಎದುರು ಪಕ್ಷದವಳು ಈ ಒಂದು ಮಾತು ಎತ್ತಿದರೆ ಆಳಂದದ ಹುಡುಗಿ ಸಿಕ್ಕಿಹಾಕಿಕೊಳ್ತಾಳೆ. ಅದನ್ನು ಬಿಡಿಸಿ, ಆ ಸಮಯವನ್ನು ಮೆಕ್ಸಿಕೊ ಮತ್ತು ಇರಾಕ್‌ಗೆ ಕೊಡಿಸಿ.