ಎಸ್‌ಪಿ ಎಂಜಿನ್ ಮೇಲೆ ಯುಪಿ ಹಳದಿ ತೇಪೆ: ಯಾವ ವರ್ಷಕ್ಕೆ ಏನು ಸರಿ, ಎಚ್‌ಓ ಮಾದರಿಯಲ್ಲಿ ಮಾಡೋದು ಹೇಗೆ?

ಹಳಿಮನೆ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಅಮೆರಿಕದ ಸದರ್ನ್ ಪೆಸಿಫಿಕ್ (ಎಸ್‌ಪಿ) ರೈಲ್ವೆಯ ಎಸಿ4400ಸಿಡಬ್ಲ್ಯೂ ಡೀಸೆಲ್ ಎಂಜಿನ್ನಿನ ಎಚ್‌ಓ (1:87 ಅಳತೆ) ಮಾದರಿ ಇದೆ. ಕಂಪನಿಯಿಂದ ಬಂದ ಬಣ್ಣವೇ: ಬೂದು ಮೈ, ಕೆಂಪು ಮೂತಿ, ಪಕ್ಕದಲ್ಲಿ ಓರೆ ಅಕ್ಷರದಲ್ಲಿ ಹೆಸರು. ಇದನ್ನು ಎಸ್‌ಪಿಯನ್ನು ಕೊಂಡ ಯೂನಿಯನ್ ಪೆಸಿಫಿಕ್ (ಯುಪಿ) ರೈಲ್ವೆಯ ಕೈಗೆ ಹೋದಮೇಲಿನ ರೂಪಕ್ಕೆ, 2002ರ ಆಸುಪಾಸಿಗೆ ತರಬೇಕು.

ಪೂರ್ತಿ ಯುಪಿಯ ಹಳದಿ ಬಳಿಯಬೇಕೋ ಅಥವಾ ಕ್ಯಾಬಿನ ಪಕ್ಕ ಹಳದಿ ತೇಪೆ ಹಾಕಿ ಸಂಖ್ಯೆ ಬದಲಿಸಿದರೆ ಆ ವರ್ಷಕ್ಕೆ ಒಪ್ಪುತ್ತದೋ? ತೇಪೆಯೇ ಆದರೆ ಅದರ ಅಳತೆ ಹಿಡಿಯೋದು ಹೇಗೆ? ಬೂದು ಬಣ್ಣದ ಮೇಲೆ ಹಳದಿ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಅಚ್ಚು) ಕೂರಿಸಿದರೆ ಹಸಿರು ಛಾಯೆ ಬರುತ್ತದೆ ಅಂತಾರೆ, ಅದನ್ನು ತಪ್ಪಿಸೋದು ಹೇಗೆ? ಬೆಂಗಳೂರಿಗೆ ಥಿನ್ನರ್ ಬೇಸ್ ಬಣ್ಣಗಳನ್ನು ಹೊರದೇಶದಿಂದ ತರಿಸೋದು ಕಷ್ಟ. ಹಾಗಾಗಿ ನೀರಿನ ಅಕ್ರಿಲಿಕ್‌ನಲ್ಲೇ ಮುಗಿಯುವ ದಾರಿ ಬೇಕು.

ಘಟ್ಟದ_ಗಾಡಿ:

ತೇಪೆಯೇ ಸರಿ. 2002ಕ್ಕೆ ಅದಕ್ಕಿಂತ ಒಪ್ಪುವ ರೂಪ ಇನ್ನೊಂದಿಲ್ಲ.

ಯುಪಿ ಎಸ್‌ಪಿಯನ್ನು ತೆಗೆದುಕೊಂಡಿದ್ದು 1996ರ ಸೆಪ್ಟೆಂಬರ್ 11ಕ್ಕೆ. ಎಸ್‌ಪಿಯ ಎಸಿ4400ಗಳು 100ರಿಂದ 378ರವರೆಗೆ, ಒಟ್ಟು 279. ಎಲ್ಲವೂ 1995ರಲ್ಲಿ ಬಂದವು. ಅಂದರೆ ವಿಲೀನದ ಹೊತ್ತಿಗೆ ಅವುಗಳ ಬಣ್ಣಕ್ಕೆ ಎರಡು ವರ್ಷವೂ ತುಂಬಿರಲಿಲ್ಲ. ಚೆನ್ನಾಗಿರುವ ಬಣ್ಣ ಕೆರೆದು ಹೊಸದು ಬಳಿಯಲು ಎಂಜಿನ್ನನ್ನು ಎಷ್ಟೋ ದಿನ ಶೆಡ್ಡಿನಲ್ಲಿ ನಿಲ್ಲಿಸಬೇಕು. 1997–98ರಲ್ಲಿ ಹ್ಯೂಸ್ಟನ್ ಸುತ್ತ ಗಾಡಿಗಳು ಕಟ್ಟಿಕೊಂಡು ಯುಪಿ ಜಾಲವೇ ಉಸಿರುಗಟ್ಟಿತ್ತು. ಓಡುವ ಎಂಜಿನ್ನನ್ನು ಬಣ್ಣಕ್ಕಾಗಿ ನಿಲ್ಲಿಸುವ ಕಾಲ ಅದಲ್ಲ.

ಆದರೆ ಸಂಖ್ಯೆ ಮಾತ್ರ ಬದಲಾಗಲೇಬೇಕು. ಎರಡು ಕಂಪನಿ ಸೇರಿದಾಗ ಒಂದೇ ಸಂಖ್ಯೆಯ ಎರಡು ಎಂಜಿನ್ ಲೆಕ್ಕದಲ್ಲಿ ಉಳಿದರೆ ರಿಪೇರಿ, ಇಂಧನ, ಯಾವ ಗಾಡಿಗೆ ಯಾವ ಎಂಜಿನ್ ಎಂಬುದೆಲ್ಲ ಕಲಸಿಹೋಗುತ್ತದೆ. ಹಾಗಾಗಿ ವಿಲೀನ ಆದಮೇಲೆ ಮೈಮೇಲೆ ಮೊದಲು ಕಾಣೋದು ಸಂಖ್ಯೆ, ಆಮೇಲೆ ಬಣ್ಣ. ಎಸಿ4400ಗಳಿಗೆ ಯುಪಿ 6000ದ ಆಚೆಯ ಸಂಖ್ಯೆ ಕೊಟ್ಟಿತು. ಕ್ಯಾಬಿನ ಪಕ್ಕದ ಹಳೆ ಸಂಖ್ಯೆ ಮುಚ್ಚುವ ಹಾಗೆ ಹಳದಿ ಆಯತ, ಅದರ ಮೇಲೆ ಕೆಂಪು ಅಂಕಿ. ಮೈಮೇಲಿನ ಎಸ್‌ಪಿ ಹೆಸರನ್ನು ಹಾಗೇ ಬಿಟ್ಟರು. ಕೆಲವಕ್ಕೆ ಮೂತಿಯ ಮೇಲೆ ಯುಪಿಯ ಗುರಾಣಿ ಲಾಂಛನ ಬಂತು, ಎಲ್ಲಕ್ಕೂ ಅಲ್ಲ. ಎಲ್ಲ ಎಂಜಿನ್ನಿಗೂ ಒಂದೇ ದಿನ ತೇಪೆ ಬೀಳಲಿಲ್ಲ. ಬಿದ್ದ ತೇಪೆಗಳೂ ಬೇಗ ಹೋಗಲಿಲ್ಲ, 2010ರ ನಂತರವೂ ಹೀಗೇ ಓಡಾಡಿದವು ಇವೆ. ಅದಕ್ಕೇ ಮೊದಲು ಒಂದು ಯುಪಿ ಸಂಖ್ಯೆ ಆರಿಸಿ, ಆ ಎಂಜಿನ್ನಿನದೇ ತಾರೀಖು ಇರುವ ಫೋಟೋ ಹುಡುಕಿ, ಆಮೇಲೆ ಬ್ಲೇಡು ಕೈಗೆತ್ತಿಕೊಳ್ಳಿ. ಹಳೆ ಸಂಖ್ಯೆಗೆ ಇಷ್ಟು ಕೂಡಿಸಿದರೆ ಹೊಸ ಸಂಖ್ಯೆ ಅಂತ ಅಂದಾಜು ಮಾಡಬೇಡಿ.

ಪಕ್ಕದ ಓರೆ ಅಕ್ಷರವೂ ಒಂದು ವಿಲೀನದ್ದೇ ಗುರುತು. 1988ರಲ್ಲಿ ರಿಯೋ ಗ್ರಾಂಡೆ ಎಂಬ ಇನ್ನೊಂದು ರೈಲ್ವೆಯ ಮಾಲೀಕರು ತಮಗಿಂತ ಎಷ್ಟೋ ದೊಡ್ಡದಾದ ಎಸ್‌ಪಿಯನ್ನು ಕೊಂಡರು. ಹೆಸರು ಎಸ್‌ಪಿಯದೇ ಉಳಿಯಿತು, ಅಕ್ಷರದ ವರಸೆ ರಿಯೋ ಗ್ರಾಂಡೆಯದು ಬಂತು. ಅದರ ಪಕ್ಕ ಹಳದಿ ತೇಪೆ ಬಿದ್ದರೆ ಒಂದೇ ಎಂಜಿನ್ ಮೇಲೆ ಮೂರು ಕಂಪನಿಗಳ ಚರಿತ್ರೆ ಓದಬಹುದು. ಪೂರ್ತಿ ಹಳದಿ ಬಳಿದು ಅದನ್ನು ಅಳಿಸಬೇಡಿ.

ಬಣ್ಣದ_ಡಬ್ಬಿ:

ಅಳತೆಯಿಂದ ಶುರು ಮಾಡೋಣ. ಎಚ್‌ಓದಲ್ಲಿ ನಿಜವಾದ 1 ಇಂಚು ಅಂದರೆ 0.29 ಮಿ.ಮೀ. ಎಸಿ4400ರ ಚಕ್ರದ ವ್ಯಾಸ 42 ಇಂಚು, ಮಾದರಿಯಲ್ಲಿ ಸುಮಾರು 12.2 ಮಿ.ಮೀ. ಪಕ್ಕದಿಂದ ನೇರವಾಗಿ ತೆಗೆದ ಫೋಟೋ ತೆಗೆದುಕೊಂಡು ಅದರಲ್ಲಿ ಚಕ್ರದ ಅಗಲ, ತೇಪೆಯ ಅಗಲ ಮತ್ತು ಎತ್ತರ ಅಳೆಯಿರಿ. ಫೋಟೋದಲ್ಲಿ ಚಕ್ರ 60 ಪಿಕ್ಸೆಲ್, ತೇಪೆ 90 ಪಿಕ್ಸೆಲ್ ಇದ್ದರೆ ಮಾದರಿಯ ತೇಪೆ 18.3 ಮಿ.ಮೀ. ಓರೆಯಾಗಿ ತೆಗೆದ ಫೋಟೋದಲ್ಲಿ ಈ ಲೆಕ್ಕ ನಡೆಯಲ್ಲ, ಕ್ಯಾಬು ಹತ್ತಿರ ಇದ್ದು ದೊಡ್ಡದಾಗಿ ಕಾಣುತ್ತದೆ.

ಇನ್ನು ಹಸಿರು ಛಾಯೆ. ಡೆಕಾಲ್‌ನ ಹಳದಿ ಶಾಯಿ ಅರೆ ಪಾರದರ್ಶಕ, ಕೆಳಗಿನ ಕಡುಬೂದು ಅದರೊಳಗಿಂದ ಇಣುಕುತ್ತದೆ. ಎಷ್ಟೇ ದುಬಾರಿ ಡೆಕಾಲ್ ತಂದರೂ ಕೆಳಗೆ ಬಿಳಿ ಇಲ್ಲದಿದ್ದರೆ ಈ ಛಾಯೆ ತಪ್ಪುವುದಿಲ್ಲ. ಒಳ್ಳೆ ದಾರಿ ಅಂದರೆ ತೇಪೆಯನ್ನು ಎಂಜಿನ್ ಮೇಲೆ ಬಳಿಯದೆ ಖಾಲಿ ಪಾರದರ್ಶಕ ಡೆಕಾಲ್ ಹಾಳೆ ಮೇಲೆ ಬಳಿಯುವುದು.

1. ಖಾಲಿ ಹಾಳೆಗೆ ಬಿಳಿ ಅಕ್ರಿಲಿಕ್ ಎರಡು ತೆಳು ಪದರ. ಏರ್‌ಬ್ರಷ್ 0.3 ಸೂಜಿ, ಒತ್ತಡ 15–18 ಪಿಎಸ್‌ಐ, ದೂರ 8–10 ಸೆಂ.ಮೀ. ಒಮ್ಮೆಗೇ ಒದ್ದೆ ಮಾಡಬೇಡಿ, ಹಾಳೆ ಸುರುಳಿ ಹೋಗುತ್ತದೆ.

2. ಒಣಗಿದ ಮೇಲೆ ಹಳದಿ ಎರಡು-ಮೂರು ತೆಳು ಪದರ. ಯುಪಿಯ ಆರ್ಮರ್ ಹಳದಿ ನಿಂಬೆ ಹಳದಿ ಅಲ್ಲ, ಸ್ವಲ್ಪ ಕಿತ್ತಳೆ ಕಡೆ ವಾಲುತ್ತದೆ. ಹಳದಿಗೆ ಕಿತ್ತಳೆಯನ್ನು ಹನಿಹನಿಯಾಗಿ ಸೇರಿಸುತ್ತಾ, ಪ್ರತಿ ಸಲವೂ ಬಿಳಿ ಪ್ಲಾಸ್ಟಿಕ್ ಚಮಚದ ಮೇಲೆ ಬಳಿದು ಒಣಗಿಸಿ ನೋಡಿ. ಒದ್ದೆ ಇದ್ದಾಗಿನ ಬಣ್ಣ ನಂಬಬೇಡಿ.

3. ಮೇಲೆ ಗ್ಲಾಸಿ ಕ್ಲಿಯರ್ (ಹೊಳೆಯುವ ಪಾರದರ್ಶಕ ಲೇಪ) ಒಂದು ಪದರ. 24 ಗಂಟೆ ಮುಟ್ಟಬೇಡಿ.

4. ಉಕ್ಕಿನ ಅಳತೆಪಟ್ಟಿ ಇಟ್ಟು ಹೊಸ ಬ್ಲೇಡಿನಲ್ಲಿ ಆಯತ ಕತ್ತರಿಸಿ. ಮೊಂಡು ಬ್ಲೇಡು ಅಂಚಿನ ಬಣ್ಣ ಕೀಳುತ್ತದೆ.

ಈಗ ಎಂಜಿನ್ ಕಡೆ. ಹಳೆ ಸಂಖ್ಯೆಯ ಅಚ್ಚು ದಪ್ಪ ಇದ್ದರೆ ತೇಪೆಯ ಮೇಲೂ ಅದರ ಉಬ್ಬು ಕಾಣುತ್ತದೆ. 91% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿಕಡ್ಡಿ ಅದ್ದಿ ಮೆಲ್ಲಗೆ ಉಜ್ಜಿ ತೆಗೆಯಬಹುದು, ಆದರೆ ಮೊದಲು ಕಾಣದ ಜಾಗದಲ್ಲಿ ಪರೀಕ್ಷಿಸಿ. ಕೆಲವು ತಯಾರಕರ ಬೂದು ಬಣ್ಣವೂ ಅದರ ಜೊತೆ ಎದ್ದುಬರುತ್ತದೆ.

ಆಮೇಲೆ ಆ ಜಾಗಕ್ಕೆ ಗ್ಲಾಸಿ ಕ್ಲಿಯರ್. ಮ್ಯಾಟ್ ಮೇಲ್ಮೈಯ ಸಣ್ಣ ಗುಂಡಿಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಡೆಕಾಲ್ ಅಡಿಯಲ್ಲಿ ಬೆಳ್ಳಗೆ ಮಿಂಚುತ್ತದೆ. ತೇಪೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಬಿಟ್ಟು, ಕೆಳಗೆ ಮೈಕ್ರೋ ಸೆಟ್ (ಡೆಕಾಲ್ ಹಿಡಿಯಲು ಹಚ್ಚುವ ದ್ರವ) ಸವರಿ ಜಾರಿಸಿ. ಸರಿಯಾದ ಜಾಗಕ್ಕೆ ಬಂದಮೇಲೆ ಡೆಕಾಲ್ ಮೆತ್ತಗೆ ಮಾಡುವ ಮೈಕ್ರೋ ಸಾಲ್. ಅದು ಬಿದ್ದಮೇಲೆ ತೇಪೆ ಸುಕ್ಕುಗಟ್ಟುತ್ತದೆ. ಆಗ ಬೆರಳು ಹಾಕಿದರೆ ಕೆಲಸ ಕೆಟ್ಟಿತು, ಒಣಗುತ್ತಾ ತಾನೇ ಕೂರುತ್ತದೆ. ಮೇಲೆ ಬಣ್ಣದ ಪದರ ಇರುವುದರಿಂದ ಮಾಮೂಲಿ ಡೆಕಾಲ್‌ಗಿಂತ ಇದು ನಿಧಾನ, ಎರಡು-ಮೂರು ಸಲ ಹಾಕಬೇಕಾಗುತ್ತದೆ. ಅದು ಪೂರ್ತಿ ಒಣಗಿದ ಮೇಲೆ ಕೆಂಪು ಅಂಕಿಗಳು. ನಾಲ್ಕು ಅಂಕಿಯನ್ನು ಒಂದೊಂದಾಗಿ ಕೂರಿಸೋದಾದರೆ ನಡುವಿನ ಎರಡನ್ನು ಮೊದಲು ಇಡಿ, ಅಂತರ ತಪ್ಪುವುದಿಲ್ಲ.

ಕರಾವಳಿ_ಲೈನ್:

ಮೇಲಿನ ಕ್ರಮಕ್ಕೆ ಒಂದು ತಿದ್ದುಪಡಿ ಬೇಕೇಬೇಕು. ಕೊಳೆ ಮೊದಲು, ತೇಪೆ ಆಮೇಲೆ. ಎಂಜಿನ್ನಿನ ಬೂದು ಬಣ್ಣ ಏಳು ವರ್ಷದ ಬಿಸಿಲು ತಿಂದು ಮಾಸಿದೆ, ಮೂತಿಯ ಕೆಂಪು ಸುಣ್ಣ ಹಚ್ಚಿದ ಹಾಗೆ ಪೇಲವವಾಗಿದೆ, ತೇಪೆ ಮಾತ್ರ ಹೊಸದು. ತೇಪೆ ಹಾಕಿದಮೇಲೆ ಇಡೀ ಎಂಜಿನ್ನಿಗೆ ಒಂದೇ ಸಮ ಕೊಳೆ ಹೊಡೆದರೆ ಎಲ್ಲವೂ ಒಂದೇ ದಿನ ಬಳಿದಂತೆ ಕಂಡು ಚಿತ್ರವೇ ಸುಳ್ಳಾಗುತ್ತದೆ. ಮಾಸಿಸಿ, ಕೊಳೆ ಮಾಡಿ, ಕ್ಲಿಯರ್ ಹೊಡೆದು ಭದ್ರ ಮಾಡಿ, ಆಮೇಲೆ ತೇಪೆ. ಕೊನೆಗೆ ತೇಪೆಯ ಮೇಲೆ ತುಸು ಧೂಳು ಸಾಕು.

ಮಾಸಿಸಲು ಬಿಳಿ ಬಳಸಬೇಡಿ. ಬೂದುವಿಗೆ ಅದೇ ಬೂದುವಿನ ತಿಳಿ ಛಾಯೆಯನ್ನು ಒಂದು ಭಾಗ ಬಣ್ಣ, ಒಂಬತ್ತು ಭಾಗ ಥಿನ್ನರ್ ಪ್ರಮಾಣದಲ್ಲಿ ಕಲಸಿ ಮಂಜಿನಂತೆ ಹೊಡೆಯಿರಿ. ಕೆಂಪಿಗೆ ಬಿಳಿ ಹಾಕಿದರೆ ಗುಲಾಬಿ ಆಗುತ್ತದೆ, ಸ್ವಲ್ಪ ತಿಳಿ ಕಿತ್ತಳೆ ಸೇರಿಸಿ.

ಮಳೆಗಾಲದಲ್ಲಿ ಮಂಗಳೂರಿನಂಥ ಕಡೆ ಸ್ಪ್ರೇ ಡಬ್ಬಿಯ ಲ್ಯಾಕರ್ ಕ್ಲಿಯರ್ ಹೊಡೆದರೆ ತೇವ ಒಳಗೆ ಸಿಕ್ಕಿ ಬೆಳ್ಳಗೆ ಮೋಡ ಕಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಕ್ರಿಲಿಕ್ ಕ್ಲಿಯರ್ ಒಂದೇ ಗತಿ.

ನಂಬರ್ ಬೋರ್ಡ್ ಬದಲಿಸೋದು ಮರೆಯಬೇಡಿ. ಕ್ಯಾಬಿನ ಪಕ್ಕ ಹೊಸ ಸಂಖ್ಯೆ, ಮುಂದೆ ದೀಪದ ಬೋರ್ಡಿನಲ್ಲಿ ಹಳೆಯದು ಇರುವ ತೇಪೆ ಮಾದರಿಗಳೇ ಜಾಸ್ತಿ ಕಾಣಸಿಗುತ್ತವೆ.

ಹಳಿಮನೆ:

ಬಹಳ ಉಪಕಾರ. ಇದರ ಜೊತೆ ಓಡಿಸಲು ಕಾನ್‌ರೇಲ್ ಎಂಬ ಇನ್ನೊಂದು ಅಮೆರಿಕನ್ ರೈಲ್ವೆಯ ನೀಲಿಯದ್ದೊಂದು ಮತ್ತು ಆ ಕೆಂಪು-ಹಳದಿ-ಕಪ್ಪು 'ಕೊಡಾಕ್ರೋಮ್' ಎಂಜಿನ್ನೊಂದು ಇಡಬಹುದೇ? ಅವಕ್ಕೂ ಇದೇ ರೀತಿ ತೇಪೆಯೇ?

ಘಟ್ಟದ_ಗಾಡಿ:

ಕಾನ್‌ರೇಲ್ ಇಡಬಹುದು, ಆದರೆ ಅದರ ಗುರುತು ಬೇರೆ. 1999ರ ಜೂನ್ 1ರಂದು ಕಾನ್‌ರೇಲನ್ನು ನಾರ್ಫೋಕ್ ಸದರ್ನ್ 58%, ಸಿಎಸ್‌ಎಕ್ಸ್ 42% ಎಂದು ಈ ಎರಡು ರೈಲ್ವೆಗಳು ಪಾಲು ಮಾಡಿಕೊಂಡವು. ಎಂಜಿನ್ನುಗಳ ಕಾಗದದ ಒಡೆತನ ಎರಡು ಬೇರೆ ಕಂಪನಿಗಳಿಗೆ ಹೋಯಿತು. ನಾರ್ಫೋಕ್ ಕಡೆಯದಕ್ಕೆ ಪೆನ್ಸಿಲ್ವೇನಿಯಾದ ಹೆಸರು, ಸಿಎಸ್‌ಎಕ್ಸ್ ಕಡೆಯದಕ್ಕೆ ನ್ಯೂಯಾರ್ಕ್ ಸೆಂಟ್ರಲ್ ಹೆಸರು. ಅದಕ್ಕೇ ಕ್ಯಾಬಿನ ಸಂಖ್ಯೆಯ ಕೆಳಗೆ ಪಿಆರ್‌ಆರ್ ಅಥವಾ ಎನ್‌ವೈಸಿ ಅಂತ ತೀರ ಸಣ್ಣ ಅಕ್ಷರ ಕಾಣುತ್ತದೆ. 1968ರಲ್ಲೇ ಪೆನ್ ಸೆಂಟ್ರಲ್ ಆಗಿ ಒಂದಾಗಿದ್ದ ಎರಡು ಹೆಸರುಗಳು ಮೂರು ದಶಕದ ಮೇಲೆ ಹೀಗೆ ಬೇರೆಬೇರೆಯಾಗಿ ವಾಪಸ್ ಬಂದವು. 2004ರಲ್ಲಿ ಆ ಏರ್ಪಾಟು ಮುಗಿಯಿತು. ನಿಮ್ಮ 2002ಕ್ಕೆ ಆ ಸಣ್ಣ ಅಕ್ಷರ ಇದ್ದರೆ ಚೆಂದ. ನಾರ್ಫೋಕ್ ಕಡೆಯದೋ ಸಿಎಸ್‌ಎಕ್ಸ್ ಕಡೆಯದೋ ಮೊದಲೇ ತೀರ್ಮಾನಿಸಿ. ನಾರ್ಫೋಕ್ 2012ರಲ್ಲಿ ಹಳೆ ಕಂಪನಿಗಳ ನೆನಪಿಗೆ ಬಣ್ಣ ಹಚ್ಚಿದ 20 ಎಂಜಿನ್ನುಗಳಲ್ಲಿ ಕಾನ್‌ರೇಲ್ ನೀಲಿಯದೂ ಒಂದು. ಅದರ ಫೋಟೋ ನೋಡಿಕೊಂಡು 2002ರ ಎಂಜಿನ್ ಮಾಡಬೇಡಿ.

ಕೊಡಾಕ್ರೋಮ್ ವಿಷಯ ಬೇರೆಯೇ. ಎಸ್‌ಪಿ ಮತ್ತು ಸಾಂಟಾ ಫೇ ರೈಲ್ವೆಗಳ ಮಾತೃಸಂಸ್ಥೆಗಳು 1983ರ ಕೊನೆಯಲ್ಲಿ ಒಂದಾದವು. ರೈಲ್ವೆಗಳೂ ಒಂದಾಗುತ್ತವೆಂಬ ನಂಬಿಕೆಯಲ್ಲಿ ಹಳದಿ ಮೂತಿ, ಕೆಂಪು ಮೈ, ಕಪ್ಪು ಮಾಳಿಗೆ ಬಳಿದು, ಎಸ್‌ಪಿ ಎಂಜಿನ್ನಿಗೆ 'ಎಸ್‌ಪಿ' ಎಂದೂ ಸಾಂಟಾ ಫೇಯದಕ್ಕೆ 'ಎಸ್‌ಎಫ್' ಎಂದೂ ಬರೆದರು. ಮಿಕ್ಕೆರಡು ಅಕ್ಷರಕ್ಕೆ ಜಾಗ ಬಿಟ್ಟರು. 300ಕ್ಕೂ ಹೆಚ್ಚು ಎಂಜಿನ್ನಿಗೆ ಈ ಬಣ್ಣ ಬಿತ್ತು. 1986ರ ಜುಲೈನಲ್ಲಿ ಅಂತರರಾಜ್ಯ ವಾಣಿಜ್ಯ ಆಯೋಗ ವಿಲೀನವನ್ನೇ ತಿರಸ್ಕರಿಸಿತು, ಆ ಜಾಗ ಖಾಲಿಯೇ ಉಳಿಯಿತು. ಕೈಯಲ್ಲಿ ಕಾಸಿಲ್ಲದ ಎಸ್‌ಪಿ ತನ್ನವಕ್ಕೆ ಮತ್ತೆ ಬಣ್ಣ ಬಳಿಯುವ ಗೋಜಿಗೆ ಹೋಗಲಿಲ್ಲ, ಹಲವು 1990ರ ದಶಕದಲ್ಲೂ ಹಾಗೇ ಓಡಿದವು. ಆದ್ದರಿಂದ ಇದನ್ನು 1995–96ರ ಇನ್ನೊಂದು ಸಾಲಿಗೆ ಇಟ್ಟುಕೊಳ್ಳಿ, ತೇಪೆ ಹಾಕುವ ಮೊದಲಿನ ನಿಮ್ಮ ಎಸಿ4400ರ ಥರದ್ದರ ಜೊತೆ. ಡೆಕಾಲ್ ಹಾಳೆಯಲ್ಲಿ ನಾಲ್ಕೂ ಅಕ್ಷರ ಇರುತ್ತವೆ, ಎರಡನ್ನೇ ಬಳಸಿ.

ಬಣ್ಣದ_ಡಬ್ಬಿ:

ಕೊಡಾಕ್ರೋಮ್‌ಗೆ ಬಳಿಯುವ ಕ್ರಮ ಹಳದಿ, ಕೆಂಪು, ಕಪ್ಪು. ತಿಳಿಯದರಿಂದ ಕಡುವಿಗೆ. ಕೆಂಪಿನ ಮೇಲೆ ಹಳದಿ ಹೊಡೆಯಲು ಹೋದರೆ ಆರು ಪದರವಾದರೂ ಕಿತ್ತಳೆಯಾಗಿಯೇ ಕಾಣುತ್ತದೆ, ಬಾಗಿಲ ಹಿಡಿ, ಕೀಲುಗಳ ವಿವರವೆಲ್ಲ ಮುಚ್ಚಿಹೋಗುತ್ತದೆ. ಟೇಪ್ ಹಾಕಿದಮೇಲೆ ಅದರ ಅಂಚಿಗೆ ಕೆಳಗಿನ ಬಣ್ಣವನ್ನೇ ಒಂದು ಸಲ ತೆಳುವಾಗಿ ಹೊಡೆಯಿರಿ. ಸೋರುವುದಿದ್ದರೆ ಅದೇ ಬಣ್ಣ ಸೋರಿ ಅಂಚು ಮುಚ್ಚಿಕೊಳ್ಳುತ್ತದೆ, ಮೇಲಿನ ಬಣ್ಣ ಒಳಗೆ ನುಗ್ಗಲ್ಲ.